ಮಳೆ ಹಿಡಿದಾಗ ಮುಂಬಯಿಯ ಸೂರುಗಳ ಕೆಳಗೆ



ಜೂನ್ ತಿಂಗಳು ಬಂತೆಂದರೆ ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. "ಭಾನುವಾರ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗೋದು? ಚೌಪಾಟಿ ಆಗೋಲ್ಲ, ಪಾರ್ಕು ಆಗೋಲ್ಲ, ಮಾಲ್ ನೋಡಿ ನೋಡಿ ಬೇಸರ ಬಂದಿದೆ" ಎಂದು ಡೊಂಬಿವಲಿಯಿಂದ, ಭಾಂಡುಪದಿಂದ ಕೇಳುತ್ತೀರಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲಂತೂ ಕಪ್ಪು ಮೋಡ ಕಂಡರೆ ಮನೆಯಲ್ಲೇ ಇರೋಣ ಅನ್ನುವವರೇ ಹೆಚ್ಚು. ಅಂಥ ಮಳೆಯಲ್ಲಿ ಮನೆಯಲ್ಲೇ ಇರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಧಾರಣ ಮಳೆಯ ದಿನ ತಲೆ ಮೇಲೊಂದು ಸೂರು ಹುಡುಕಿಕೊಂಡು ಹೊರಟರೆ ಈ ಊರಿನಲ್ಲಿ ನಮ್ಮವರದೇ ಚರಿತ್ರೆ ಎದುರಾಗುತ್ತದೆ. ಇವತ್ತು ಅದರ ಕಥೆ.

ಮೊದಲು ಕಾಲಾಘೋಡಾಕ್ಕೆ ಬನ್ನಿ. ಅಲ್ಲಿ ಎಸ್ಪ್ಲನೇಡ್ ಮ್ಯಾನ್ಶನ್ ಎಂಬ ಹಳೆಯ, ಶಿಥಿಲವಾದ ಕಟ್ಟಡವಿದೆ. ಒಂದು ಕಾಲಕ್ಕೆ ಅದು ವಾಟ್ಸನ್ ಹೋಟೆಲ್. 1896ರ ಜುಲೈ 7ರಂದು, ಮಳೆಗಾಲದ ನಟ್ಟನಡುವೆ, ಫ್ರಾನ್ಸಿನ ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊಟ್ಟಮೊದಲು ತೋರಿಸಿದ್ದು ಇಲ್ಲಿಯೇ. ಟಿಕೇಟು ಒಂದು ರೂಪಾಯಿ, ಆ ಕಾಲದ ಕೂಲಿಯವನಿಗೆ ಕನಸಿನ ಮಾತು. ಅಂದರೆ ಮಳೆಗಾಲದಲ್ಲಿ ಸಿನಿಮಾಕ್ಕೆ ನುಗ್ಗುವ ನಮ್ಮ ಅಭ್ಯಾಸಕ್ಕೆ ಒಂದೂಕಾಲು ಶತಮಾನದ ವಯಸ್ಸಾಯಿತು! ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡು ಊರು ಖಾಲಿಯಾಗತೊಡಗಿತು, ಅದು ಬೇರೆಯೇ ಕಥೆ.

ಅಲ್ಲಿಂದ ಕೂಗಳತೆಯ ದೂರದಲ್ಲಿ ಗುಮ್ಮಟದ ಮ್ಯೂಸಿಯಂ. ಇಂದಿನ ಹೆಸರು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ, ಹಳಬರ ಬಾಯಲ್ಲಿ ಇನ್ನೂ ಪ್ರಿನ್ಸ್ ಆಫ್ ವೇಲ್ಸ್. 1905ರಲ್ಲಿ ಅಡಿಗಲ್ಲು ಬಿತ್ತು. ಕಟ್ಟಡ ಎದ್ದು ನಿಲ್ಲುವ ಹೊತ್ತಿಗೆ ಮೊದಲ ಮಹಾಯುದ್ಧ ಬಂದು, ಅದು ಸೈನಿಕರ ಆಸ್ಪತ್ರೆಯಾಯಿತು. ಜನರಿಗೆ ಬಾಗಿಲು ತೆರೆದದ್ದು 1922ರ ಜನವರಿಯಲ್ಲಿ. ಮಕ್ಕಳು ಒಳಗೆ ಹೋದ ಕೂಡಲೇ ಕತ್ತಿ, ಗುರಾಣಿಗಳ ಕಡೆ ಓಡುತ್ತಾರೆ, ಓಡಲಿ. ನೀವು ಮಾತ್ರ ಶಿಲ್ಪಗಳ ವಿಭಾಗದಲ್ಲಿ ಸ್ವಲ್ಪ ನಿಲ್ಲಿ. ಐಹೊಳೆಯ ಗುಡಿಯ ಒಳಛಾವಣಿಯಿಂದ ಬಂದ ಕಲ್ಲಿನ ಫಲಕಗಳು ಇಲ್ಲಿವೆ. ಚಾಲುಕ್ಯರ ಕಾಲದವು. ಅದರಲ್ಲಿ ಋಷಿಗಳ ನಡುವೆ ಕುಳಿತ ಬ್ರಹ್ಮನ ಫಲಕವೊಂದನ್ನು ನೋಡಿದರೆ ಸಾಕು, ಬಂದದ್ದು ಸಾರ್ಥಕ.

ಗುಡಿಯಲ್ಲಿ ಇವನ್ನು ಕತ್ತೆತ್ತಿ ನೋಡಬೇಕಿತ್ತು. ಮಲಪ್ರಭೆಯ ಸೀಮೆಯಲ್ಲಿ ನೂರಾರು ಮಳೆಗಾಲ ಭಕ್ತರ ನೆತ್ತಿಯ ಮೇಲಿದ್ದ ಕಲ್ಲುಗಳು ಈಗ ಗೋಡೆಗೆ ಆತು ನಮ್ಮ ಕಣ್ಣಿನ ಎತ್ತರದಲ್ಲಿ ನಿಂತಿವೆ. ಐಹೊಳೆಯದು ಮುಂಬಯಿಗೆ ಯಾಕೆ ಬಂತು ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಉತ್ತರ ಸರಳ. ಆಗ ಐಹೊಳೆ ಇದ್ದದ್ದು ಬಿಜಾಪುರ ಜಿಲ್ಲೆಯಲ್ಲಿ, ಬಿಜಾಪುರ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಈ ನಾಲ್ಕೂ ಜಿಲ್ಲೆಗಳಿಗೆ 1956ರ ನವೆಂಬರ್ 1ರವರೆಗೆ ಮುಂಬಯಿಯೇ ರಾಜಧಾನಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಕೆಲಸ ಶುರು ಮಾಡಿದ್ದು ಮುಂಬಯಿಯಲ್ಲೇ, ಮರುವರ್ಷ ಧಾರವಾಡಕ್ಕೆ ಹೋಯಿತು. "ನಾವು ಹೊರಗಿನವರು" ಎಂದು ಈ ಊರಿನಲ್ಲಿ ತಲೆ ತಗ್ಗಿಸುವ ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಹಾಗಂತ ಕಲ್ಲುಗಳು ಇಲ್ಲೇ ಇರಬೇಕೋ ಐಹೊಳೆಗೆ ಮರಳಬೇಕೋ ಎಂಬ ಪ್ರಶ್ನೆ ಮುಗಿದಿಲ್ಲ. ನನಗಂತೂ ಆ ಬ್ರಹ್ಮನನ್ನು ಕಂಡಾಗ ಹೆಮ್ಮೆಯ ಜೊತೆಗೆ ಒಂದಿಷ್ಟು ಸಂಕಟವೂ ಆಗುತ್ತದೆ.

ಮಳೆ ಇನ್ನೂ ನಿಂತಿಲ್ಲವಾದರೆ ಕೊಡೆ ಬಿಡಿಸಿ ಹಾರ್ನಿಮನ್ ಸರ್ಕಲ್ಲಿನ ಕಡೆ ನಡೆಯಿರಿ. 1833ರ ಟೌನ್ ಹಾಲ್, ಎತ್ತರದ ಮೆಟ್ಟಿಲುಗಳು, ಬಿಳಿ ಕಂಬಗಳು. ಸಿನಿಮಾ ಶೂಟಿಂಗಿನಲ್ಲಿ ನೂರು ಸಲ ಕಂಡಿದ್ದೀರಿ. ಇದು ಏಷಿಯಾಟಿಕ್ ಸೊಸೈಟಿಯ ಮನೆ. 1804ರಲ್ಲಿ ಹುಟ್ಟಿದ ಈ ಸಂಸ್ಥೆಯ ಪತ್ರಿಕೆಯಲ್ಲಿ ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಸವದತ್ತಿ, ಬೆಳಗಾವಿಯ ರಟ್ಟರ ಶಾಸನಗಳನ್ನು ಅಚ್ಚು ಹಾಕಿಸಿದ. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಬಗ್ಗೆ 1882ರಲ್ಲಿ ಪುಸ್ತಕವನ್ನೇ ಬರೆದ. ಇವನು ಕಲ್ಲಿನ ಬರಹಕ್ಕೆ ನಿಲ್ಲಲಿಲ್ಲ, ಜನರ ಬಾಯಲ್ಲಿದ್ದ ಲಾವಣಿಗಳನ್ನೂ ಬರೆದುಕೊಂಡ. ಅವನ ಸಂಗ್ರಹದಲ್ಲಿ ಸಂಗೊಳ್ಳಿ ರಾಯಣ್ಣನ ಹಾಡೂ ಇತ್ತು. ಆ ಲಾವಣಿಗಳು ಅಚ್ಚಾದದ್ದು ಮುಂಬಯಿಯಿಂದ ಹೊರಡುತ್ತಿದ್ದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ. ವಿಚಾರ ಮಾಡಿ: 1831ರಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಕಂಪನಿ ಸರಕಾರ. ಅದರ ಗಾದಿಗೆ ಬಂದ ಆಡಳಿತದ ನೌಕರನೇ ಅವನ ಹಾಡನ್ನು ಉಳಿಸಿಟ್ಟ. ಚರಿತ್ರೆ ಇಂಥ ತಮಾಷೆಗಳನ್ನು ಮಾಡುತ್ತಿರುತ್ತದೆ.

ಇನ್ನೊಂದು ಭಾನುವಾರಕ್ಕೆ ಬೋರಿವಲಿ ಇಟ್ಟುಕೊಳ್ಳಿ. ರಾಷ್ಟ್ರೀಯ ಉದ್ಯಾನದ ಒಳಗಿನ ಕಾನ್ಹೇರಿ ಗುಹೆಗಳು. ಗುಹೆಯನ್ನು ಒಳಾಂಗಣ ಅನ್ನಬಹುದೇ ಎಂದು ನಗಬೇಡಿ. ಈ ಗುಹೆಗಳಿಗೂ ಮಳೆಗಾಲಕ್ಕೂ ಹಳೆಯ ನಂಟು. ವರ್ಷವಿಡೀ ಊರೂರು ತಿರುಗುವ ಬೌದ್ಧ ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲಬೇಕೆಂಬುದು ನಿಯಮ. ಹಾಗೆ ನೆಲೆ ನಿಲ್ಲಲು ಬೇಕಾದ ವಿಹಾರಗಳೇ ಕ್ರಮೇಣ ಬೆಳೆದು ನೂರಕ್ಕೂ ಹೆಚ್ಚು ಗುಹೆಗಳಾದವು. ಕ್ರಿಸ್ತಪೂರ್ವದ ಕೊನೆಯಿಂದ ಹತ್ತನೇ ಶತಮಾನದ ಆಚೀಚಿನವರೆಗೆ ಸುಮಾರು ಸಾವಿರ ವರ್ಷ ಇಲ್ಲಿ ಜನವಿದ್ದರು. ಕೋಣೆಗಳಲ್ಲಿ ಮಲಗಲು ಕಲ್ಲಿನ ಜಗಲಿ. ಬಾಗಿಲ ಬಳಿ ನೀರಿನ ತೊಟ್ಟಿ, ಬಂಡೆಯ ಮೇಲೆ ಬಿದ್ದ ಮಳೆಯನ್ನು ಅದಕ್ಕೆ ಹರಿಸಲು ಕೊರೆದ ಕಾಲುವೆ. ಬೇಸಿಗೆಯಲ್ಲಿ ಹೋದವರಿಗೆ ಈ ಕಾಲುವೆಗಳು ಬರೀ ಗೀರುಗಳಂತೆ ಕಾಣುತ್ತವೆ. ಜುಲೈಯಲ್ಲಿ ಹೋಗಿ, ನೀರು ತಾನಾಗಿ ದಾರಿ ತೋರಿಸುತ್ತದೆ. ಮೆಟ್ಟಿಲು ಜಾರುತ್ತವೆ, ಹಿರಿಯರ ಕೈ ಹಿಡಿದುಕೊಳ್ಳಿ. ಸೋಮವಾರ ರಜೆ.

ಕನ್ನಡದವರಿಗೆ ಇಲ್ಲಿ ಇನ್ನೊಂದು ಆಕರ್ಷಣೆಯಿದೆ. 9ನೇ ಶತಮಾನದಲ್ಲಿ ಈ ಭಾಗವನ್ನು ಆಳುತ್ತಿದ್ದವರು ಉತ್ತರ ಕೊಂಕಣದ ಶಿಲಾಹಾರರು, ಅವರ ಮೇಲಿನ ಸಾರ್ವಭೌಮರು ಮಾನ್ಯಖೇಟದ ರಾಷ್ಟ್ರಕೂಟರು. ಕಾನ್ಹೇರಿಯ ಸಂಸ್ಕೃತ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ಹೌದು, ನಮ್ಮ ನೃಪತುಂಗನೇ! ಬಿ.ಎ. ತರಗತಿಯಲ್ಲಿ 'ಕವಿರಾಜಮಾರ್ಗ' ಓದುವಾಗ ಅವನ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಲೋಕಲ್ ಟ್ರೇನಿನಲ್ಲಿ ಹೋಗಿ ತಲಪಬಹುದಾದ ಬೆಟ್ಟವೊಂದರಲ್ಲಿ ಅವನಿದ್ದಾನೆ ಎಂದು ಯಾವ ಗೈಡಿನಲ್ಲೂ ಇರಲಿಲ್ಲ. ಕ್ರಿ.ಶ. 843ರ ಶಾಸನವೊಂದು ದಾನದ ಲೆಕ್ಕ ಹೇಳುತ್ತದೆ. ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಅದರ ಜೊತೆಗೆ ಪುಸ್ತಕಕ್ಕೆ! ಹೊರಗೆ ಜಡಿಮಳೆ, ಒಳಗೆ ಓದಲು ಪುಸ್ತಕ. ಸಾವಿರದ ಇನ್ನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಇದಕ್ಕೂ ದುಡ್ಡು ತೆಗೆದಿಟ್ಟಿದ್ದರು.

ಅರಸರ ಕಥೆ ಆಯಿತು, ಇನ್ನು ಹೊಟ್ಟೆಪಾಡಿಗೆ ಬಂದವರದು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದರೂ ಅಲ್ಲಿನ ಹುಡುಗರು ಮದ್ರಾಸಿಗಿಂತ ಹೆಚ್ಚಾಗಿ ಮುಂಬಯಿಯ ಹಡಗು ಹತ್ತಿದರು. ಮಳೆಗಾಲದಲ್ಲಿ ಕಡಲು ಕೆರಳಿದಾಗ ಕರಾವಳಿಯ ಸ್ಟೀಮರುಗಳು ನಿಲ್ಲುತ್ತಿದ್ದವು. ಊರಿನಲ್ಲಿ ಏನೇ ಆದರೂ ಸುಲಭದಲ್ಲಿ ಹೋಗುವಂತಿಲ್ಲ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ ಎಂಬುದು ನೆನಪಿರಲಿ. ಹೋಟೆಲಿನಲ್ಲಿ ಹಗಲು ಗ್ಲಾಸು ತೊಳೆದ ಹುಡುಗರು ಸಂಜೆ ಕೋಟೆಯ ಕನ್ನಡ ರಾತ್ರಿಶಾಲೆಗಳಲ್ಲಿ ಬೆಂಚು ಹಿಡಿದರು. ಅವರಲ್ಲಿ ಎಷ್ಟೋ ಜನ ಮುಂದೆ ವಕೀಲರಾದರು, ಬ್ಯಾಂಕು ಸೇರಿದರು, ತಮ್ಮದೇ ಹೋಟೆಲು ತೆರೆದರು. ನಿಮ್ಮ ಮನೆಯಲ್ಲೂ ಅಂಥ ಅಜ್ಜ ಇರಬಹುದು. ಮಳೆ ಹಿಡಿದ ಮಧ್ಯಾಹ್ನ ಅವರ ಪಕ್ಕ ಕುಳಿತು ಕೇಳಿ, ಮ್ಯೂಸಿಯಮ್ಮಿಗಿಂತ ಹೆಚ್ಚು ಸಿಕ್ಕೀತು.

ಮಾಟುಂಗಾದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್, ಮಾಹಿಮಿನ ಕರ್ನಾಟಕ ಸಂಘ, ಉಪನಗರಗಳಲ್ಲಿರುವ ನಮ್ಮವರ ಸಭಾಗೃಹಗಳು ಇವೆಲ್ಲ ನಿಮಗೆ ಗೊತ್ತಿರುವವೇ. ಮಳೆಗಾಲಕ್ಕೂ ಇಂಥ ಸಭಾಗೃಹಗಳಿಗೂ ಒಂದು ವಿಶೇಷ ಸಂಬಂಧವಿದೆ. ತುಳುನಾಡಿನಲ್ಲಿ ಮೇ ಕೊನೆಯ ಪತ್ತನಾಜೆಗೆ ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬಯಲಿನಲ್ಲಿ ಆಡಲು ಮಳೆ ಬಿಡುವುದಿಲ್ಲ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿಯ ಆಸುಪಾಸಿಗೆ. ಆ ನಡುವಿನ ತಿಂಗಳುಗಳಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಅಲ್ಲಿ ಗದ್ದೆಯಲ್ಲಿ ಬೆಳಗಾಗುವವರೆಗೆ ನಡೆಯುವ ಆಟ ಇಲ್ಲಿ ಸೂರಿನಡಿಗೆ ಬರುತ್ತದೆ. ವೇಷದ ಖರ್ಚು ಬೇಡ ಅನ್ನುವವರಿಗೆ ತಾಳಮದ್ದಲೆ ಇದ್ದೇ ಇದೆ. ಈ ಸಲ ಯಾವ ತಂಡ, ಎಂದು, ಎಲ್ಲಿ ಎಂಬುದನ್ನು ನಮ್ಮ ಕಾರ್ಯಕ್ರಮದಲ್ಲಿ ಹೇಳುತ್ತಿರುತ್ತೇವೆ, ಕೇಳುತ್ತಿರಿ. ಆಟ ಮಾತ್ರ ಮೂರು ಗಂಟೆಗೆ ಇಳಿದಿದೆ ಎಂದು ಹಳಬರು ಗೊಣಗುತ್ತಾರೆ. ಏನು ಮಾಡೋದು ಹೇಳಿ, ಭಾಗವತರು ಮಂಗಳ ಹಾಡುವ ಹೊತ್ತಿಗೆ ನಮಗೆ ಕೊನೆಯ ಲೋಕಲ್ ಹಿಡಿಯಬೇಕಲ್ಲ!