ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಆರಂಭಿಕ ಧ್ವನಿಮುದ್ರಣಗಳು

ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬೆಂಗಳೂರಿನ ತಾಳವಾದ್ಯ ಶಿಕ್ಷಣ ಸಂಸ್ಥೆ ಹಾಗೂ ಅದೇ ಹೆಸರಿನ ವಾದ್ಯವೃಂದ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಇದನ್ನು ಸ್ಥಾಪಿಸಿದರು. 1980ರಿಂದ 1983ರ ಅವಧಿಯಲ್ಲಿ ಈ ವೃಂದವು ಜರ್ಮನಿಯ ಪ್ರೋಗ್ರೆಸಿವ್ ರಾಕ್ ತಂಡವಾದ ಎಂಬ್ರಿಯೊ, ಅದರಿಂದ ಕವಲೊಡೆದ ಡಿಸ್ಸಿಡೆಂಟನ್ ಮತ್ತು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ಸೇರಿ ಧ್ವನಿಮುದ್ರಿಕೆಗಳನ್ನು ಹೊರತಂದಿತು. ಕರ್ನಾಟಕ ಸಂಗೀತದ ತಾಳಪದ್ಧತಿಯೂ ಯುರೋಪಿನ ರಾಕ್ ಮತ್ತು ಜಾಝ್ ಸಂಗೀತವೂ ಸಂಧಿಸಿದ ಮುಖ್ಯ ದಾಖಲೆಗಳಲ್ಲಿ ಇವು ಸೇರಿವೆ. ಇವುಗಳ ಹೊದಿಕೆಯ ಮೇಲೆ ಬೆಂಗಳೂರಿನ ಸಂಸ್ಥೆಯ ಹೆಸರು ಸಹಕರ್ತೃವಿನ ಸ್ಥಾನದಲ್ಲಿ ಮುದ್ರಿತವಾಗಿದೆ.

ಹಿನ್ನೆಲೆ

ಸಂಸ್ಥೆ

ಕರ್ನಾಟಕ ಸಂಗೀತದ ಕಚೇರಿಯಲ್ಲಿ ತಾಳವಾದ್ಯಗಳು ಸಾಮಾನ್ಯವಾಗಿ ಪಕ್ಕವಾದ್ಯಗಳಾಗಿರುತ್ತವೆ. ಗಾಯಕರ ಅಥವಾ ಮುಖ್ಯ ವಾದಕರ ಕೃತಿಯನ್ನು ಅನುಸರಿಸುವುದು ಅವುಗಳ ಮೊದಲ ಕರ್ತವ್ಯ. ಸ್ವತಂತ್ರವಾಗಿ ನುಡಿಸಲು ದೊರೆಯುವ ಅವಕಾಶವೆಂದರೆ ತನಿ ಆವರ್ತನ. ತಾಳವಾದ್ಯ ಕಚೇರಿಯಲ್ಲಿ ಈ ಕ್ರಮ ಬದಲಾಗುತ್ತದೆ. ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಮೊದಲಾದ ವಾದ್ಯಗಳೂ ಕೊನ್ನಕ್ಕೋಲ್ ಎಂಬ ಬಾಯಿಯ ಜತಿಯೂ ಅಲ್ಲಿ ಕಾರ್ಯಕ್ರಮದ ಕೇಂದ್ರದಲ್ಲಿರುತ್ತವೆ.

ಮಣಿಯವರ ಸಂಸ್ಥೆಯ ವೃಂದವು ಈ ಎರಡನೆಯ ಮಾದರಿಗೆ ಗಾಯನವನ್ನು ಸೇರಿಸಿಕೊಂಡಿತು. ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ವೃಂದದ ಮುಖ್ಯ ಧ್ವನಿಯಾದರು. ಅವರು ರಾಗಾಲಾಪನೆ, ಸ್ವರ ಮತ್ತು ಜತಿಗಳನ್ನು ಒಂದೇ ರಚನೆಯಲ್ಲಿ ಹಾಡುತ್ತಿದ್ದರು. ಆರ್.ಎ. ರಾಜಗೋಪಾಲ್ ಘಟ, ಮೋರ್ಸಿಂಗ್ ಮತ್ತು ಕೊನ್ನಕ್ಕೋಲ್‌ನಲ್ಲಿಯೂ, ಟಿ.ಎನ್. ಶಶಿಕುಮಾರ್ ಖಂಜಿರ ಮತ್ತು ಕೊನ್ನಕ್ಕೋಲ್‌ನಲ್ಲಿಯೂ ಜೊತೆಗೂಡಿದರು.

ಸಂಸ್ಥೆಯಲ್ಲಿ ಕಲಿತವರಲ್ಲಿ ರಮೇಶ್ ಶೋಥಮ್ ಒಬ್ಬರು. ಅವರು 1970ರ ದಶಕದಲ್ಲಿ ಭಾರತದ ರಾಕ್ ತಂಡವಾದ ಹ್ಯೂಮನ್ ಬಾಂಡೇಜ್‌ನಲ್ಲಿ ಡ್ರಮ್ಸ್ ನುಡಿಸುತ್ತಿದ್ದರು. ಬಳಿಕ ದಕ್ಷಿಣ ಭಾರತದ ತಾಳವಾದ್ಯಗಳತ್ತ ತಿರುಗಿ, ಮುಂದೆ ಜರ್ಮನಿಯಲ್ಲಿ ನೆಲೆಸಿ ಯುರೋಪಿನ ಜಾಝ್ ವಲಯದಲ್ಲಿ ಹೆಸರಾದರು.

ಎಂಬ್ರಿಯೊ

ಎಂಬ್ರಿಯೊ 1969ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಹುಟ್ಟಿದ ತಂಡ. ಡ್ರಮ್ಸ್ ಮತ್ತು ವೈಬ್ರಫೋನ್ ವಾದಕ ಕ್ರಿಸ್ಟಿಯಾನ್ ಬುರ್ಖಾರ್ಡ್ ಹಾಗೂ ಸ್ಯಾಕ್ಸೊಫೋನ್ ಮತ್ತು ಪಿಟೀಲು ವಾದಕ ಎಡ್ಗರ್ ಹಾಫ್‌ಮನ್ ಇದರ ಸ್ಥಾಪಕರಲ್ಲಿ ಪ್ರಮುಖರು. 'ಓಪಲ್' (1970) ಮತ್ತು 'ಎಂಬ್ರಿಯೋಸ್ ರಾಖೆ' (1971) ಇದರ ಮೊದಲ ಎರಡು ಧ್ವನಿಮುದ್ರಿಕೆಗಳು. ಜಾಝ್ ಹಿನ್ನೆಲೆಯ ವಾದಕರು, ದೀರ್ಘವಾದ ಮನೋಧರ್ಮ ವಾದನ ಮತ್ತು ಯುರೋಪಿನ ಹೊರಗಿನ ಸಂಗೀತದ ಬಗೆಗಿನ ಆಸಕ್ತಿ ಈ ತಂಡವನ್ನು ಸಮಕಾಲೀನ ಜರ್ಮನ್ ರಾಕ್ ತಂಡಗಳಿಂದ ಪ್ರತ್ಯೇಕಿಸಿದವು.

1973ರ 'ವಿ ಕೀಪ್ ಆನ್' ಧ್ವನಿಮುದ್ರಿಕೆಯಲ್ಲಿ ಚಾರ್ಲಿ ಮರಿಯಾನೊ (1923–2009) ತಂಡದೊಂದಿಗೆ ನುಡಿಸಿದ್ದಾರೆ. ಅಮೆರಿಕದ ಬಾಸ್ಟನ್ ನಗರದ ಮರಿಯಾನೊ ಅವರಿಗೆ ದಕ್ಷಿಣ ಭಾರತದ ಸಂಗೀತದ ಪರಿಚಯ ಅದಕ್ಕೂ ಮೊದಲೇ ಆಗಿತ್ತು. ಮಲೇಷ್ಯಾದಲ್ಲಿದ್ದಾಗ ಅವರು ನಾಗಸ್ವರವನ್ನು ಕಲಿಯಲಾರಂಭಿಸಿದ್ದರು. ಎಂಬ್ರಿಯೊ ಮತ್ತು ಬೆಂಗಳೂರಿನ ವೃಂದ ಎರಡರೊಂದಿಗೂ ಒಡನಾಡಿದ ಕಲಾವಿದರಾಗಿ ಅವರು ಈ ಧ್ವನಿಮುದ್ರಣಗಳ ಚರಿತ್ರೆಯಲ್ಲಿ ವಿಶೇಷ ಸ್ಥಾನ ಪಡೆದಿದ್ದಾರೆ.

1976ರಲ್ಲಿ ಎಂಬ್ರಿಯೊ ಸೇರಿದಂತೆ ಕೆಲವು ಜರ್ಮನ್ ತಂಡಗಳು ತಮ್ಮದೇ ಆದ ಧ್ವನಿಮುದ್ರಣ ಸಂಸ್ಥೆಯನ್ನು ಆರಂಭಿಸಿದವು. ಮೊದಲು 'ಏಪ್ರಿಲ್' ಎಂದಿದ್ದ ಅದರ ಹೆಸರು ಬಳಿಕ 'ಶ್ನೇಬಾಲ್' ಎಂದಾಯಿತು. ದೊಡ್ಡ ಕಂಪನಿಗಳು ಮಾರುಕಟ್ಟೆಗೆ ಒಗ್ಗದೆಂದು ಬದಿಗಿಡಬಹುದಾದ ಪ್ರಯೋಗಗಳನ್ನು ಪ್ರಕಟಿಸಲು ಇದರಿಂದ ದಾರಿಯಾಯಿತು.

ಭೂಮಾರ್ಗದ ಪ್ರವಾಸ

1978–79ರಲ್ಲಿ ಎಂಬ್ರಿಯೊ ತಂಡವು ಜರ್ಮನಿಯಿಂದ ಬಸ್ಸಿನಲ್ಲಿ ಹೊರಟು ಇರಾನ್, ಅಫ್ಘಾನಿಸ್ತಾನ ಮತ್ತು ಪಾಕಿಸ್ತಾನಗಳ ಮೂಲಕ ಭಾರತಕ್ಕೆ ಬಂದಿತು. ದಾರಿಯುದ್ದಕ್ಕೂ ಸ್ಥಳೀಯ ಕಲಾವಿದರೊಂದಿಗೆ ನುಡಿಸುವುದು ಮತ್ತು ಅದನ್ನು ಮುದ್ರಿಸಿಕೊಳ್ಳುವುದು ಪ್ರವಾಸದ ಕ್ರಮವಾಗಿತ್ತು. ಈ ಪ್ರವಾಸವನ್ನು ವೆರ್ನರ್ ಪೆಂಜೆಲ್ 'ವಾಗಾಬುಂಡೆನ್ ಕರಾವಾನೆ' ಎಂಬ ಸಾಕ್ಷ್ಯಚಿತ್ರದಲ್ಲಿ ಚಿತ್ರೀಕರಿಸಿದ್ದಾರೆ. ಪ್ರವಾಸದ ಸಂಗೀತವು 'ಎಂಬ್ರಿಯೋಸ್ ರೈಸೆ' ಎಂಬ ಎರಡು ತಟ್ಟೆಗಳ ಧ್ವನಿಮುದ್ರಿಕೆಯಾಗಿ ಶ್ನೇಬಾಲ್ ಸಂಸ್ಥೆಯಿಂದ ಪ್ರಕಟವಾಯಿತು. ಜರ್ಮನ್ ಭಾಷೆಯಲ್ಲಿ 'ರೈಸೆ' ಎಂದರೆ ಪ್ರಯಾಣ.

ಯುರೋಪಿನ ಯುವಜನರು 1960ರ ದಶಕದಿಂದ ಭಾರತಕ್ಕೆ ಬರುತ್ತಿದ್ದ ಭೂಮಾರ್ಗವು ಇದೇ ಕಾಲದಲ್ಲಿ ಮುಚ್ಚಿಹೋಯಿತು. 1979ರ ಫೆಬ್ರುವರಿಯಲ್ಲಿ ಇರಾನಿನಲ್ಲಿ ಕ್ರಾಂತಿ ಜಯಗಳಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಪ್ರವೇಶಿಸಿತು. ಹೀಗಾಗಿ ಪ್ರವಾಸದ ಧ್ವನಿಮುದ್ರಣಗಳಿಗೆ ಸಂಗೀತದ ಮೌಲ್ಯದೊಂದಿಗೆ ಚಾರಿತ್ರಿಕ ದಾಖಲೆಯ ಮೌಲ್ಯವೂ ಇದೆ.

ಧ್ವನಿಮುದ್ರಿಕೆಗಳು

ಲೈಫ್ (1980)

ಭಾರತ ಪ್ರವಾಸದ ಬೆನ್ನಲ್ಲೇ ಪ್ರಕಟವಾದ ಧ್ವನಿಮುದ್ರಿಕೆ ಇದು. ಶ್ನೇಬಾಲ್ ಸಂಸ್ಥೆ ಇದನ್ನು ಎಂಬ್ರಿಯೊ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಎರಡು ಹೆಸರುಗಳಲ್ಲಿ ಹೊರತಂದಿತು. ರಾಕ್ ತಂಡದ ವಾದ್ಯಗಳೊಂದಿಗೆ ದಕ್ಷಿಣ ಭಾರತದ ಗಾಯನ ಮತ್ತು ತಾಳವಾದ್ಯಗಳು ಇದರಲ್ಲಿ ಸೇರಿವೆ.

ಜರ್ಮನಿಸ್ತಾನ್ (1982)

ಎಂಬ್ರಿಯೊ ತಂಡದಲ್ಲಿದ್ದ ಉವೆ ಮ್ಯುಲ್‌ರಿಶ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಡಿಸ್ಸಿಡೆಂಟನ್ ಎಂಬ ಹೊಸ ತಂಡವನ್ನು ಕಟ್ಟಿದರು. ಆ ತಂಡದ ಮೊದಲ ಧ್ವನಿಮುದ್ರಿಕೆ 'ಜರ್ಮನಿಸ್ತಾನ್' ಬೆಂಗಳೂರಿನ ವೃಂದದೊಂದಿಗೆ ಸೇರಿ ಮಾಡಿದ್ದು. ಡಿಸ್ಸಿಡೆಂಟನ್ ಮುಂದೆ ಮೊರಾಕೊದ ಕಲಾವಿದರೊಂದಿಗೆ 'ಸಹಾರಾ ಎಲೆಕ್ಟ್ರಿಕ್' (1984) ಹೊರತಂದು ಯುರೋಪಿನಲ್ಲಿ ವ್ಯಾಪಕ ಜನಪ್ರಿಯತೆ ಗಳಿಸಿತು. ಅನ್ಯದೇಶದ ಕಲಾವಿದರೊಂದಿಗೆ ಕೂಡಿ ಸಂಗೀತ ಕಟ್ಟುವ ಆ ತಂಡದ ಕ್ರಮಕ್ಕೆ ಮೊದಲ ಉದಾಹರಣೆ 'ಜರ್ಮನಿಸ್ತಾನ್'.

ಜ್ಯೋತಿ (1983)

'ಜ್ಯೋತಿ' ಚಾರ್ಲಿ ಮರಿಯಾನೊ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆಗೂಡಿ ನೀಡಿದ ಧ್ವನಿಮುದ್ರಿಕೆ. ಇದನ್ನು 1983ರ ಫೆಬ್ರುವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್ ನಗರದಲ್ಲಿ ಮುದ್ರಿಸಲಾಯಿತು. ಮ್ಯೂನಿಕ್‌ನ ಇಸಿಎಂ ಸಂಸ್ಥೆ ಇದನ್ನು ಪ್ರಕಟಿಸಿತು. ನಿರ್ಮಾಪಕರು ಮ್ಯಾನ್‌ಫ್ರೆಡ್ ಐಶರ್.

ಕಲಾವಿದರು:
• ಚಾರ್ಲಿ ಮರಿಯಾನೊ – ಸ್ಯಾಕ್ಸೊಫೋನ್, ಕೊಳಲು
• ಆರ್.ಎ. ರಮಾಮಣಿ – ಗಾಯನ, ತಂಬೂರಿ
• ಟಿ.ಎ.ಎಸ್. ಮಣಿ – ಮೃದಂಗ
• ಆರ್.ಎ. ರಾಜಗೋಪಾಲ್ – ಘಟ, ಮೋರ್ಸಿಂಗ್, ಕೊನ್ನಕ್ಕೋಲ್
• ಟಿ.ಎನ್. ಶಶಿಕುಮಾರ್ – ಖಂಜಿರ, ಕೊನ್ನಕ್ಕೋಲ್

ಇದರಲ್ಲಿ ಆರು ರಚನೆಗಳಿವೆ. ಮೊದಲನೆಯದು ಏಕಾಂಗಿ ಗಾಯನ. ಉಳಿದವುಗಳಲ್ಲಿ 'ವಂದನಂ', 'ವರ್ಷಿಣಿ', 'ಸಪ್ತರ್ಷಿ', 'ಕಾರ್ತಿಕ್' ಮತ್ತು 'ಭಜನ್' ಸೇರಿವೆ. ಹಿಂದಿನ ಎರಡು ಧ್ವನಿಮುದ್ರಿಕೆಗಳಿಗೆ ಹೋಲಿಸಿದರೆ ಇದರ ಸ್ವರೂಪ ಭಿನ್ನವಾಗಿದೆ. ಇಲ್ಲಿ ರಾಕ್ ಡ್ರಮ್ಸ್, ವಿದ್ಯುತ್ ಗಿಟಾರ್ ಮತ್ತು ಕೀಬೋರ್ಡ್‌ಗಳಿಲ್ಲ. ನಾಲ್ವರು ಭಾರತೀಯ ಕಲಾವಿದರ ನಡುವೆ ಮರಿಯಾನೊ ಒಬ್ಬರೇ ಹೊರಗಿನವರು. ಒಗ್ಗಿಕೊಳ್ಳಬೇಕಾದ ಹೊಣೆಯೂ ಮುಖ್ಯವಾಗಿ ಅವರದೇ.

ಸಂಗೀತದ ಸ್ವರೂಪ

ಪಾಶ್ಚಾತ್ಯ ಜನಪ್ರಿಯ ಸಂಗೀತದ ಬಹುಭಾಗ ನಾಲ್ಕು ಎಣಿಕೆಯ ಲಯದಲ್ಲಿದೆ. ಪ್ರೋಗ್ರೆಸಿವ್ ರಾಕ್ ತಂಡಗಳು ಐದು, ಏಳು ಮೊದಲಾದ ಬೆಸ ಎಣಿಕೆಗಳನ್ನು ಹೆಚ್ಚಾಗಿ ಬಳಸಿದವು. 1973ರಲ್ಲಿ ಪ್ರಕಟವಾದ ಪಿಂಕ್ ಫ್ಲಾಯ್ಡ್ ತಂಡದ 'ಮನಿ' ಗೀತೆಯ ಏಳರ ಎಣಿಕೆ ಇದಕ್ಕೆ ಪ್ರಸಿದ್ಧ ಉದಾಹರಣೆ.

ಕರ್ನಾಟಕ ಸಂಗೀತದಲ್ಲಿ ಬೆಸ ಎಣಿಕೆಗಳು ಮೂಲಪಾಠದ ಭಾಗ. ತಿಶ್ರ (3), ಚತುರಶ್ರ (4), ಖಂಡ (5), ಮಿಶ್ರ (7) ಮತ್ತು ಸಂಕೀರ್ಣ (9) ಎಂಬ ಐದು ಜಾತಿಗಳನ್ನು ವಿದ್ಯಾರ್ಥಿಗಳು ಆರಂಭದಲ್ಲಿಯೇ ಅಭ್ಯಾಸ ಮಾಡುತ್ತಾರೆ. ಖಂಡಛಾಪು 2+3 ಎಂದೂ ಮಿಶ್ರಛಾಪು 3+4 ಎಂದೂ ವಿಭಾಗವಾಗುತ್ತದೆ. ರಾಕ್ ಕಲಾವಿದರು ಹೊಸತನಕ್ಕಾಗಿ ಹುಡುಕುತ್ತಿದ್ದ ಲಯಗಳು ಬೆಂಗಳೂರಿನ ಕಲಾವಿದರಿಗೆ ನಿತ್ಯದ ಅಭ್ಯಾಸವಾಗಿದ್ದವು.

ಲೆಕ್ಕಾಚಾರದ ಮುಕ್ತಾಯಗಳು ಈ ಪದ್ಧತಿಯ ಮತ್ತೊಂದು ಲಕ್ಷಣ. ಆದಿತಾಳದ ಒಂದು ಆವರ್ತನದಲ್ಲಿ ಎಂಟು ಎಣಿಕೆಗಳಿವೆ. ಚತುರಶ್ರ ನಡೆಯಲ್ಲಿ ಪ್ರತಿ ಎಣಿಕೆಗೆ ನಾಲ್ಕು ಮಾತ್ರೆಯಂತೆ ಒಟ್ಟು 32 ಮಾತ್ರೆಗಳಾಗುತ್ತವೆ. 'ತದಿಗಿಣತೊಂ' ಎಂಬ ಐದು ಅಕ್ಷರಗಳ ಜತಿಯನ್ನು ಮೂರು ಬಾರಿ ನುಡಿಸಿ, ನಡುವೆ ಎರಡೆರಡು ಮಾತ್ರೆ ಬಿಟ್ಟರೆ 5+2+5+2+5, ಅಂದರೆ 19 ಮಾತ್ರೆಗಳು ಬೇಕಾಗುತ್ತವೆ. ಆದ್ದರಿಂದ ವಾದಕರು 13 ಮಾತ್ರೆಗಳು ಕಳೆದ ಬಳಿಕ ಆರಂಭಿಸಿದರೆ ಜತಿಯು ಆವರ್ತನದ ಕೊನೆಗೆ ಮುಗಿದು, ಎಲ್ಲರೂ ಮುಂದಿನ ಆವರ್ತನದ ಸಮದಲ್ಲಿ ಒಂದಾಗಿ ಸೇರುತ್ತಾರೆ. ಕೇಳುಗರಿಗೆ ತಾಳ ತಪ್ಪಿದಂತೆ ತೋರಿದರೂ ವಾದಕರ ಲೆಕ್ಕ ಖಚಿತವಾಗಿರುತ್ತದೆ.

ಈ ಲೆಕ್ಕವನ್ನು ವಾದ್ಯದ ಮೇಲೆ ನುಡಿಸುವುದಕ್ಕೆ ಮೊದಲು ಬಾಯಲ್ಲಿ ಹೇಳಿ ಕಲಿಯಲಾಗುತ್ತದೆ. ಸೊಲ್ಲುಗಳನ್ನು ಹೀಗೆ ನುಡಿಯುವ ಕಲೆ ವೇದಿಕೆಗೆ ಬಂದಾಗ ಕೊನ್ನಕ್ಕೋಲ್ ಎನಿಸುತ್ತದೆ. ಕರಾವಳಿಯ ಯಕ್ಷಗಾನದಲ್ಲಿ ಮದ್ದಳೆ ಮತ್ತು ಚೆಂಡೆಯ ನುಡಿತಗಳನ್ನು ಬಾಯಿಯಲ್ಲಿ ಹೇಳುವ ಬಾಯಿತಾಳವು ಇದಕ್ಕೆ ಹತ್ತಿರದ ಅಭ್ಯಾಸ. ಸಮಾನ ಭಾಷೆಯಿಲ್ಲದ ಕಲಾವಿದರು ಒಟ್ಟಿಗೆ ಅಭ್ಯಾಸ ಮಾಡುವಾಗ ಇಂತಹ ಸೊಲ್ಲುಗಳು ಬರೆಹದ ಸ್ವರಲಿಪಿಗಿಂತ ಬೇಗ ಕೈಗೆ ಹತ್ತುತ್ತವೆ.

ಎರಡು ಪದ್ಧತಿಗಳ ನಡುವೆ ಮೂಲಭೂತ ವ್ಯತ್ಯಾಸವೂ ಇದೆ. ರಾಕ್ ಮತ್ತು ಜಾಝ್ ಸಂಗೀತದಲ್ಲಿ ಹಲವು ಸ್ವರಗಳನ್ನು ಒಮ್ಮೆಗೇ ನುಡಿಸುವ ಸ್ವರಮೇಳಗಳು ಬದಲಾಗುತ್ತ ಸಾಗುತ್ತವೆ. ಕರ್ನಾಟಕ ಸಂಗೀತದಲ್ಲಿ ಆಧಾರ ಷಡ್ಜ ಬದಲಾಗುವುದಿಲ್ಲ; ರಾಗವು ಒಂದೇ ಎಳೆಯಲ್ಲಿ ಬೆಳೆಯುತ್ತದೆ. 'ಜ್ಯೋತಿ'ಯಲ್ಲಿ ಸ್ವರಮೇಳದ ವಾದ್ಯಗಳನ್ನು ಬಿಟ್ಟಿರುವುದರಿಂದ ತಂಬೂರಿಯ ಶ್ರುತಿಗೆ ಸ್ಯಾಕ್ಸೊಫೋನ್ ಹೊಂದಿಕೊಳ್ಳಲು ಅನುಕೂಲವಾಗಿದೆ.

ಹೆಸರು ಮತ್ತು ಕರ್ತೃತ್ವ

1960ರ ದಶಕದ ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಭಾರತೀಯ ವಾದ್ಯಗಳ ಬಳಕೆ ಹೆಚ್ಚಿತ್ತಾದರೂ ವಾದಕರ ಹೆಸರು ಹಲವೆಡೆ ದಾಖಲಾಗಲಿಲ್ಲ. ಬೀಟಲ್ಸ್ ತಂಡದ 1967ರ 'ವಿದಿನ್ ಯು ವಿದೌಟ್ ಯು' ಗೀತೆಗೆ ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್‌ನ ಭಾರತೀಯ ಕಲಾವಿದರು ನುಡಿಸಿದ್ದರು. ಆದರೆ ಧ್ವನಿಮುದ್ರಿಕೆಯ ಹೊದಿಕೆಯಲ್ಲಿ ಅವರ ಹೆಸರುಗಳಿರಲಿಲ್ಲ. ಅವರು ಯಾರೆಂಬುದು ಸಾರ್ವಜನಿಕವಾಗಿ ತಿಳಿಯಲು ದಶಕಗಳೇ ಬೇಕಾದವು.

'ಲೈಫ್', 'ಜರ್ಮನಿಸ್ತಾನ್' ಮತ್ತು 'ಜ್ಯೋತಿ' ಈ ವಿಷಯದಲ್ಲಿ ಬೇರೆ ದಾರಿಯವು. ಮೂರರಲ್ಲಿಯೂ ಸಂಸ್ಥೆಯ ಪೂರ್ಣ ಹೆಸರು ಶೀರ್ಷಿಕೆಯೊಂದಿಗೆ ಇದೆ. ಹೀಗಾಗಿ 'ಕರ್ನಾಟಕ' ಎಂಬ ಹೆಸರು ಯುರೋಪಿನ ರಾಕ್ ಮತ್ತು ಜಾಝ್ ಕೇಳುಗರಿಗೆ ಒಂದು ವಾದ್ಯವೃಂದದ ಹೆಸರಾಗಿ ಪರಿಚಯವಾಯಿತು.

ದಾಖಲೆ ಮತ್ತು ಸಂಗ್ರಹ

ಪ್ರೋಗ್ರೆಸಿವ್ ರಾಕ್ ತಂಡಗಳ ಆರಂಭಿಕ ಧ್ವನಿಮುದ್ರಣಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸಂಗ್ರಹಿಸಿ ಪ್ರಕಟಿಸುವ ಪರಿಪಾಠವಿದೆ. ಪಿಂಕ್ ಫ್ಲಾಯ್ಡ್ ತಂಡದ 'ದಿ ಅರ್ಲಿ ಇಯರ್ಸ್ 1965–1972' ಇಂತಹ ಸಂಗ್ರಹ. 2016ರ ನವೆಂಬರ್‌ನಲ್ಲಿ ಪ್ರಕಟವಾದ ಇದರಲ್ಲಿ ಏಳು ಸಂಪುಟಗಳಿದ್ದು, ಅದುವರೆಗೆ ಅಧಿಕೃತವಾಗಿ ಹೊರಬರದಿದ್ದ ಹಾಡುಗಳು, ರೇಡಿಯೊ ಕಾರ್ಯಕ್ರಮಗಳು ಮತ್ತು ಚಿತ್ರೀಕರಣಗಳು ಸೇರಿವೆ. ಎಂಬ್ರಿಯೊ ತಂಡದ ಹಳೆಯ ಕಾರ್ಯಕ್ರಮಗಳು ಬಿಡಿ ತಟ್ಟೆಗಳಾಗಿ ಬಂದಿವೆ. 1971ರ ಕಾರ್ಯಕ್ರಮವನ್ನು ಒಳಗೊಂಡ 'ಬ್ರೆಮೆನ್ 1971' ಅವುಗಳಲ್ಲಿ ಒಂದು.

ಬೆಂಗಳೂರಿನ ವೃಂದದ ಧ್ವನಿಮುದ್ರಿಕೆಗಳು ಪ್ರಕಟವಾದದ್ದು ಬೇರೆ ಬೇರೆ ಸಂಸ್ಥೆಗಳಿಂದ ಹಾಗೂ ಬೇರೆ ಬೇರೆ ಸಹಕಲಾವಿದರ ಹೆಸರಿನಲ್ಲಿ. ಅಂಗಡಿ ಮತ್ತು ಗ್ರಂಥಾಲಯಗಳ ವರ್ಗೀಕರಣದಲ್ಲಿ 'ಲೈಫ್' ಜರ್ಮನ್ ರಾಕ್ ಎಂದೂ 'ಜ್ಯೋತಿ' ಜಾಝ್ ಎಂದೂ ಸೇರುವುದು ಸಹಜ. ಕರ್ನಾಟಕ ಸಂಗೀತದ ವಿಭಾಗದಲ್ಲಿ ಹುಡುಕುವವರಿಗೆ ಇವು ಸುಲಭವಾಗಿ ಸಿಗುವುದಿಲ್ಲ. ಆದರೆ ಮೂರನ್ನೂ ಕ್ರಮವಾಗಿ ಕೇಳಿದಾಗ ಒಂದೇ ವೃಂದದ ಬೆಳವಣಿಗೆ ಕಾಣುತ್ತದೆ. ರಾಕ್ ತಂಡದ ಜೊತೆಗಾರರಾಗಿ ಆರಂಭಿಸಿದ ಕಲಾವಿದರು ಮೂರೇ ವರ್ಷಗಳಲ್ಲಿ ತಮ್ಮ ರಚನೆಯ ಕ್ರಮಕ್ಕೆ ಪಾಶ್ಚಾತ್ಯ ವಾದಕರೊಬ್ಬರನ್ನು ಬರಮಾಡಿಕೊಂಡ ಹಂತಕ್ಕೆ ತಲುಪಿದ್ದರು.

ನಂತರದ ವರ್ಷಗಳು

ಮರಿಯಾನೊ ಅವರೊಂದಿಗಿನ ಸಹಯೋಗ 'ಜ್ಯೋತಿ'ಯ ನಂತರವೂ ಮುಂದುವರಿದು, ನೇರ ಕಾರ್ಯಕ್ರಮದ ಧ್ವನಿಮುದ್ರಿಕೆಯೂ ಪ್ರಕಟವಾಯಿತು. ಬುರ್ಖಾರ್ಡ್ ಅವರು 2018ರಲ್ಲಿ ನಿಧನರಾದರು. ಎಂಬ್ರಿಯೊ ತಂಡವನ್ನು ಅವರ ಮಗಳು ಮಾರ್ಯಾ ಬುರ್ಖಾರ್ಡ್ ಮುನ್ನಡೆಸುತ್ತಿದ್ದಾರೆ.

ಇವನ್ನೂ ನೋಡಿ

• ಕೊನ್ನಕ್ಕೋಲ್
• ತನಿ ಆವರ್ತನ
• ಪ್ರೋಗ್ರೆಸಿವ್ ರಾಕ್
• ಯಕ್ಷಗಾನದ ಹಿಮ್ಮೇಳ