ಲಿಪಿಯ ಮೊದಲ ಪಾಠ: ಚೀನೀ ಅಕ್ಷರಗಳ ಕಲಿಕೆ ಮತ್ತು ತಾಳೆಯೋಲೆಯ ಓದು

ಹೊಸ ಲಿಪಿಯೊಂದನ್ನು ಕಲಿಯಲು ಹೊರಟವನು ಮೊದಲು ಯಾವ ಅಕ್ಷರವನ್ನು ಕಲಿಯಬೇಕು? ವರ್ಣಮಾಲೆಯ ಆದಿಯಲ್ಲಿರುವುದನ್ನೋ, ಬರಹದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವುದನ್ನೋ? ಪ್ರಶ್ನೆ ಬಾಲಪಾಠದ್ದೆಂದು ತೋರಬಹುದು. ಆದರೆ ಹಸ್ತಪ್ರತಿಗಳ ಭವಿತವ್ಯವನ್ನು ಕುರಿತು ಚಿಂತಿಸುವವರಿಗೆ ಇದು ಉಪೇಕ್ಷಣೀಯವಲ್ಲ. ಓಲೆಗಳನ್ನು ಕಾಪಾಡುವ ಕೈಗಳು ಇಂದಿಗೂ ಅಷ್ಟಿಷ್ಟು ಇವೆ. ಅವನ್ನು ಓದಬಲ್ಲ ಕಣ್ಣುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹೊಸ ವಾಚಕರನ್ನು ಸಿದ್ಧಪಡಿಸುವ ಕ್ರಮ ಯಾವುದು ಎಂಬುದನ್ನು ಚೀನ ಮತ್ತು ಭಾರತಗಳ ಎರಡು ಹಳೆಯ ಸಂಪ್ರದಾಯಗಳ ಹಿನ್ನೆಲೆಯಲ್ಲಿ, ಕೃಷ್ಣಾತೀರದ ಗಡಿನಾಡನ್ನು ನಿದರ್ಶನವಾಗಿಟ್ಟುಕೊಂಡು, ಇಲ್ಲಿ ವಿಚಾರಿಸಲಾಗಿದೆ.

೧

ಜೈನ ಪರಂಪರೆಯಲ್ಲಿ ಲಿಪಿವಿದ್ಯೆಗೆ ಪೂಜ್ಯವಾದ ಸ್ಥಾನವುಂಟು. ಆದಿತೀರ್ಥಂಕರನಾದ ವೃಷಭನಾಥನು ತನ್ನ ಮಗಳಾದ ಬ್ರಾಹ್ಮಿಗೆ ಅಕ್ಷರಗಳನ್ನೂ ಸೌಂದರಿಗೆ ಅಂಕೆಗಳನ್ನೂ ಉಪದೇಶಿಸಿದನೆಂಬ ಕಥೆ ಜಿನಸೇನಾಚಾರ್ಯರ ಮಹಾಪುರಾಣದಲ್ಲಿಯೂ 941ರಲ್ಲಿ ರಚಿತವಾದ ಪಂಪನ ಆದಿಪುರಾಣದಲ್ಲಿಯೂ ಬಂದಿದೆ. ಸಮವಾಯಾಂಗ ಮತ್ತು ಪ್ರಜ್ಞಾಪನಾ ಸೂತ್ರಗಳು ಹದಿನೆಂಟು ಲಿಪಿಗಳನ್ನು ಎಣಿಸುತ್ತವೆ. ಬ್ರಾಹ್ಮಿಯೇ ಅವುಗಳಲ್ಲಿ ಮೊದಲನೆಯದು. ಬೌದ್ಧರ ಲಲಿತವಿಸ್ತರದ ಪಟ್ಟಿ ಇನ್ನೂ ದೊಡ್ಡದು. ಅದರಲ್ಲಿ ಅರುವತ್ತನಾಲ್ಕು ಲಿಪಿಗಳ ಹೆಸರುಗಳಿದ್ದು, ಚೀನಲಿಪಿಯೂ ಒಂದಾಗಿದೆ. ಹೀಗೆ ಚೀನದ ಬರಹವು ಭಾರತೀಯರಿಗೆ ಹೆಸರಿನ ಮಟ್ಟಿಗಾದರೂ ಪುರಾತನ ಕಾಲದಿಂದ ಪರಿಚಿತವಾಗಿತ್ತು.

ಭಾರತದ ಮಕ್ಕಳು ಅಕ್ಷರ ಕಲಿಯುತ್ತಿದ್ದ ಬಗೆಯನ್ನು ಚೀನೀ ಯಾತ್ರಿಕನೇ ನಮಗೆ ತಿಳಿಸಿದ್ದಾನೆ. 671ರಲ್ಲಿ ಸ್ವದೇಶವನ್ನು ಬಿಟ್ಟು ಹೊರಟು, ನಾಲಂದೆಯಲ್ಲಿ ವ್ಯಾಸಂಗ ಮಾಡಿದ ಇತ್ಸಿಂಗ್ ಹೇಳುವಂತೆ, ಇಲ್ಲಿ ಆರನೆಯ ವಯಸ್ಸಿನ ಬಾಲಕರು ಸಿದ್ಧಂ ಎಂಬ ಮಂಗಲಪದದಿಂದ ಆರಂಭವಾಗುವ ಪಾಠವನ್ನು ಹಿಡಿಯುತ್ತಿದ್ದರು. ನಲವತ್ತೊಂಬತ್ತು ಮೂಲಾಕ್ಷರಗಳು ಪರಸ್ಪರ ಕೂಡಿ ಹದಿನೆಂಟು ಪ್ರಕರಣಗಳಲ್ಲಿ ಹತ್ತುಸಾವಿರಕ್ಕೂ ಮಿಕ್ಕ ಅಕ್ಷರರೂಪಗಳಾಗುತ್ತಿದ್ದವು. ಅವನ್ನೆಲ್ಲ ಆರು ತಿಂಗಳಲ್ಲಿ ಮುಗಿಸುತ್ತಿದ್ದರು. ನಮ್ಮ ಊರುಗಳ ಕೂಲಿಮಠಗಳಲ್ಲಿ ಉಳಿದುಬಂದ ಓನಾಮವೂ ಕಾಗುಣಿತವೂ ಒತ್ತಕ್ಷರದ ಪಾಠವೂ ಈ ಕ್ರಮದ ಸಂತತಿಯೇ ಆಗಿವೆ. ಕಾತಂತ್ರ ವ್ಯಾಕರಣವನ್ನು ಆದರಿಸಿದ ಜೈನ ಉಪಾಧ್ಯಾಯರು ಇದನ್ನು ವಿಶೇಷವಾಗಿ ಪೋಷಿಸಿದರು. ಇದರ ತತ್ತ್ವ ಸ್ಪಷ್ಟವಾಗಿದೆ: ಧ್ವನಿಯ ಕ್ರಮವೇ ಕಲಿಕೆಯ ಕ್ರಮ, ಸಂಭವನೀಯವಾದ ಎಲ್ಲ ರೂಪಗಳನ್ನೂ ಮೊದಲೇ ಕಲಿಸಿಬಿಡುವುದು, ಬಳಿಕ ಗ್ರಂಥಕ್ಕೆ ಪ್ರವೇಶ.

೨

ಚೀನೀ ಲಿಪಿಗೆ ಈ ಮಾರ್ಗ ಒಗ್ಗದು. ಅಲ್ಲಿ ಅಕ್ಷರವೆಂದರೆ ಧ್ವನಿಯ ಗುರುತು ಮಾತ್ರವಲ್ಲ, ಬಹುಮಟ್ಟಿಗೆ ಒಂದು ಪದದ ಗುರುತು. ಕ್ರಿ.ಶ. 100ರ ಸುಮಾರಿಗೆ ಶೂ ಷೆನ್ ರಚಿಸಿದ ಕೋಶದಲ್ಲಿ 9,353 ಅಕ್ಷರಗಳನ್ನು 540 ಮೂಲಾಂಗಗಳ ಅಡಿಯಲ್ಲಿ ವಿಂಗಡಿಸಲಾಗಿತ್ತು. 1716ರಲ್ಲಿ ಮುಗಿದ ಕಾಂಗ್‌ಶೀ ಕೋಶದಲ್ಲಿ ಮೂಲಾಂಗಗಳು 214ಕ್ಕೆ ಇಳಿದರೂ ಅಕ್ಷರಗಳ ಸಂಖ್ಯೆ 47,000ವನ್ನು ಮೀರಿತು. ಇಷ್ಟನ್ನೆಲ್ಲ ಕಲಿತ ಮೇಲೆ ಓದತೊಡಗುವೆನೆಂದರೆ ಮನುಷ್ಯನ ಆಯುಷ್ಯ ಸಾಲದು. ಆದ್ದರಿಂದ ಆ ದೇಶದವರು ಆಯ್ಕೆಯ ಮಾರ್ಗವನ್ನು ಹಿಡಿದರು. ಆರನೆಯ ಶತಮಾನದ ಆದಿಯಲ್ಲಿ, ಲಿಯಾಂಗ್ ವಂಶದ ವೂ ಚಕ್ರವರ್ತಿಯ ಆಜ್ಞೆಯಂತೆ ಚೌ ಶಿಂಗ್‌ಸಿ ಎಂಬವನು ಒಂದು ಸಾವಿರ ಅಕ್ಷರಗಳನ್ನು, ಒಂದೂ ಪುನರುಕ್ತವಾಗದಂತೆ, ಪದ್ಯಬಂಧದಲ್ಲಿ ಜೋಡಿಸಿದನು. ಸಹಸ್ರಾಕ್ಷರಿಯೆಂದು ಕರೆಯಬಹುದಾದ ಈ ಕೃತಿ ಸಾವಿರ ವರ್ಷಕ್ಕೂ ಮಿಕ್ಕ ಕಾಲ ಚೀನೀ ಬಾಲಕರ ಮೊದಲ ಪುಸ್ತಕಗಳಲ್ಲಿ ಒಂದಾಗಿತ್ತು. ಇದೇ ಮಾದರಿಯಲ್ಲಿ ಸಂಸ್ಕೃತ ಪದಗಳನ್ನು ಚೀನೀ ಅಕ್ಷರಗಳೊಡನೆ ಜೋಡಿಸಿದ ಕಲಿಕೆಯ ಪುಸ್ತಕವೊಂದು ಇತ್ಸಿಂಗನ ಹೆಸರಿನಲ್ಲಿಯೇ ಉಳಿದುಬಂದಿದೆ. ಭಾರತದ ಅಕ್ಷರಪಾಠವನ್ನು ಕಣ್ಣಾರೆ ಕಂಡವನ ಹೆಸರು ಚೀನದ ಅಕ್ಷರಪಾಠಕ್ಕೂ ಅಂಟಿಕೊಂಡಿರುವುದು ಗಮನಾರ್ಹ.

ಇಪ್ಪತ್ತನೆಯ ಶತಮಾನದಲ್ಲಿ ಈ ಆಯ್ಕೆಗೆ ಎಣಿಕೆಯ ಆಧಾರ ದೊರೆಯಿತು. 1928ರಲ್ಲಿ ಚೆನ್ ಹೆಚಿನ್ ಎಂಬ ಶಿಕ್ಷಣವೇತ್ತ ಆಡುಬರಹದ ವಿವಿಧ ಪಠ್ಯಗಳಲ್ಲಿ ಅಕ್ಷರಗಳ ಆವೃತ್ತಿಯನ್ನು ಎಣಿಸಿ, 4,261 ಅಕ್ಷರಗಳ ಪಟ್ಟಿಯನ್ನು ಪ್ರಕಟಿಸಿದನು. ಚೀನ ಸರಕಾರ 1988ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ 2,500 ಅಕ್ಷರಗಳು ಬಹುಬಳಕೆಯವು, 1,000 ಅಕ್ಷರಗಳು ಎರಡನೆಯ ಮಟ್ಟದ ಬಳಕೆಯವು ಎಂದು ವಿಭಾಗವಾಗಿವೆ. ಸಾಮಾನ್ಯ ಬರಹದಲ್ಲಿ ಮೊದಲ ಸಾವಿರವೇ ನೂರಕ್ಕೆ ತೊಂಬತ್ತರಷ್ಟನ್ನು ಆವರಿಸುತ್ತದೆ. 2,500 ಅಕ್ಷರಗಳು ಸುಮಾರು ತೊಂಬತ್ತೆಂಟರಷ್ಟನ್ನು. ಅತ್ಯಂತ ಹೆಚ್ಚಾಗಿ ಬರುವ ಅಕ್ಷರಗಳಾದರೂ ಎಂಥವು? ಸಂಬಂಧವನ್ನು ಸೂಚಿಸುವ ‘ದ’, ಒಂದು ಎಂಬ ಅರ್ಥದ ‘ಯೀ’, ನಿಷೇಧವನ್ನು ಹೇಳುವ ‘ಪು’ ಮೊದಲಾದವು. ಅಂದರೆ ವಾಕ್ಯದ ಸಂದುಕಟ್ಟುಗಳು. ಕಲಿಯುವವನು ಇವನ್ನು ಮೊದಲು ಹಿಡಿದರೆ ಯಾವ ಪುಟ ತೆರೆದರೂ ಪರಿಚಿತ ಮುಖಗಳು ಅಲ್ಲಲ್ಲಿ ಕಾಣುತ್ತವೆ. ಉಳಿದುದನ್ನು ಅರಸುವ ಧೈರ್ಯ ಬರುತ್ತದೆ.

೩

ಈ ವಿಚಾರವನ್ನು ಈಗ ನಮ್ಮ ನೆಲಕ್ಕೆ ತರೋಣ. ಇಂದಿನ ಕಾಗವಾಡ ತಾಲ್ಲೂಕಿನ ಜುಗೂಳ ಕೃಷ್ಣೆಯ ದಂಡೆಯ ಮೇಲಿರುವ ಗ್ರಾಮ. ಎದುರು ದಡದಲ್ಲಿ, ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನಲ್ಲಿ, ಖಿದ್ರಾಪುರದ ಕೊಪ್ಪೇಶ್ವರ ದೇವಾಲಯವಿದೆ. ಅಲ್ಲಿ ದೇವಗಿರಿಯ ಯಾದವ ಸಿಂಘಣನ 13ನೆಯ ಶತಮಾನದ ಶಾಸನ ಸಂಸ್ಕೃತ ಭಾಷೆಯಲ್ಲಿ, ನಾಗರೀ ಲಿಪಿಯಲ್ಲಿದೆ. ಅದೇ ಸೀಮೆಯಲ್ಲಿ ಕನ್ನಡ ಶಾಸನಗಳೂ ಇವೆ. ಮರಾಠರ ಆಳ್ವಿಕೆಯ ಕಾಲದಿಂದ ಈ ಭಾಗದ ಕಂದಾಯದ ಲೆಕ್ಕ, ವತನದ ಕಾಗದ, ಪತ್ರವ್ಯವಹಾರಗಳು ಮೋಡಿ ಲಿಪಿಯಲ್ಲಿ ನಡೆದವು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರ ಪ್ರಯತ್ನದಿಂದ ಕನ್ನಡ ಶಾಲೆಗಳು ಬಲಗೊಂಡವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ಒಂದೇ ಸೀಮೆಯ ಪೂರ್ವಚರಿತ್ರೆಯನ್ನು ತಿಳಿಯಬೇಕಾದರೆ ಹಳಗನ್ನಡದ ಲಿಪಿ, ನಾಗರಿ, ಮೋಡಿ ಮೂರನ್ನೂ ಬಲ್ಲವರು ಬೇಕಾಗುತ್ತದೆ. ಶಾಲೆಯಲ್ಲಿ ಕಲಿತ ಇಂದಿನ ಕನ್ನಡ ಅಕ್ಷರವೊಂದೇ ಇದಕ್ಕೆ ಸಾಲದು.

ಈ ಸೀಮೆ ಲಿಪಿಜ್ಞರ ತವರೂ ಹೌದು. ಪ್ರಾಕೃತ ವಿದ್ವಾಂಸ ಡಾ. ಆ.ನೇ. ಉಪಾಧ್ಯೆಯವರು 1906ರಲ್ಲಿ ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ಜನಿಸಿದರು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದುಕೊಂಡು, 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಶಾಸ್ತ್ರೀಯವಾಗಿ ಸಂಪಾದಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಪಾಠಾಂತರಗಳ ವಿಷಯದಲ್ಲಿ ಅವರು ತೋರಿದ ಕಟ್ಟುನಿಟ್ಟು ಲಿಪಿಯ ಗಾಢ ಪರಿಚಯದಿಂದ ಹುಟ್ಟಿದುದು.

೪

ಲಿಪಿಜ್ಞರು ವಿರಳರಾದರೆ ಏನಾಗುತ್ತದೆಂಬುದಕ್ಕೆ ಮೂಡಬಿದರೆಯ ಸಿದ್ಧಾಂತಗ್ರಂಥಗಳ ಇತಿಹಾಸಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಎಪ್ಪತ್ತೆರಡು ಸಾವಿರ ಗ್ರಂಥಪ್ರಮಾಣದ್ದು. ಅವರು ಆರಂಭಿಸಿದ ಜಯಧವಲೆಯನ್ನು ಶಿಷ್ಯ ಜಿನಸೇನರು ಶಕ 759ರಲ್ಲಿ, ಎಂದರೆ 837ರಲ್ಲಿ, ಪೂರ್ಣಗೊಳಿಸಿದರು; ಅದರ ಪ್ರಮಾಣ ಅರುವತ್ತು ಸಾವಿರ. ಇವುಗಳ ಪ್ರಾಚೀನ ಓಲೆಪ್ರತಿಗಳು ಮೂಡಬಿದರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಪ್ರಾಕೃತ ಬಲ್ಲ ಉತ್ತರದ ಪಂಡಿತರಿಗೆ ಲಿಪಿ ತಿಳಿಯದು. ಲಿಪಿ ಬಲ್ಲ ಸ್ಥಳೀಯರಲ್ಲಿ ಸಿದ್ಧಾಂತಪ್ರಾಕೃತವನ್ನು ಬಲ್ಲವರು ಕಡಿಮೆ. ಶತಮಾನಗಳ ಕಾಲ ಗ್ರಂಥಗಳಿಗೆ ದರ್ಶನಪೂಜೆ ನಡೆಯಿತು, ಅಧ್ಯಯನ ನಡೆಯಲಿಲ್ಲ.

1896ರ ಸುಮಾರಿಗೆ ನಾಗರಿಯಲ್ಲಿ ಪ್ರತಿಮಾಡುವ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಇದಕ್ಕೆ ನಿಯುಕ್ತರಾದರು. ಬ್ರಹ್ಮಸೂರಿ ಶಾಸ್ತ್ರಿಗಳು ಕಾಲವಾದ ಮೇಲೆ ಭಾರವೆಲ್ಲ ಗಜಪತಿ ಉಪಾಧ್ಯಾಯರ ಮೇಲೆ ಬಿತ್ತು. ಮಿರಜು ಜುಗೂಳದ ನೆರೆಸೀಮೆಯ ಊರು. ಕನ್ನಡ, ನಾಗರಿ ಎರಡೂ ಬಳಕೆಯಲ್ಲಿದ್ದ ಗಡಿನಾಡಿನ ಈ ಪಂಡಿತನಂಥವರೇ ಆ ಕೆಲಸಕ್ಕೆ ಅರ್ಹರಾಗಿದ್ದುದು ಆಕಸ್ಮಿಕವಲ್ಲ. ಮೂರೂ ಗ್ರಂಥಗಳ ಪ್ರತಿಕಾರ್ಯ ಮುಗಿಯುವಾಗ 1922 ಆಗಿತ್ತು. ಈ ನಡುವೆ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಮಾಡಿಕೊಂಡ ಕನ್ನಡ ಪ್ರತಿ ಸಹಾರನಪುರವನ್ನು ಸೇರಿ, ಅಲ್ಲಿ ನಾಗರಿಗೆ ಪರಿವರ್ತಿತವಾಗಿ, ಅದರಿಂದ ಮತ್ತೆ ಮತ್ತೆ ಪ್ರತಿಗಳಾಗಿ ಉತ್ತರದ ಭಂಡಾರಗಳಿಗೆ ಹರಡಿತು. ಡಾ. ಹೀರಾಲಾಲ ಜೈನರು ಇಂಥ ಪ್ರತಿಗಳನ್ನೇ ಆಧರಿಸಿ 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಅಮರಾವತಿಯಿಂದ ಪ್ರಕಟಿಸಿದರು. ಡಾ. ಉಪಾಧ್ಯೆಯವರು ಸಂಪಾದನಕಾರ್ಯದಲ್ಲಿ ನೆರವಾದರು. ಒಟ್ಟು ಹದಿನಾರು ಸಂಪುಟಗಳಲ್ಲಿ ಗ್ರಂಥ ಪೂರ್ಣವಾಯಿತು.

ಈ ಮೊದಲ ಸಂಪುಟದಲ್ಲಿಯೇ ಒಂದು ಸಂಗತಿ ಘಟಿಸಿತು. ಮಾನುಷಿಯರ ಗುಣಸ್ಥಾನಗಳನ್ನು ಹೇಳುವ 93ನೆಯ ಸೂತ್ರದಲ್ಲಿ, ಬಳಸಿದ ಪ್ರತಿಗಳಲ್ಲಿ ‘ಸಂಜದ’ ಎಂಬ ಪದ ಇರಲಿಲ್ಲ. ಅರ್ಥಸಂದರ್ಭದಿಂದ ಆ ಪದ ಇರಲೇಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸಂಯತರೆಂಬ ಅರ್ಥದ ಆ ಒಂದು ಪದದ ಮೇಲೆ ಸ್ತ್ರೀಮುಕ್ತಿಯಂಥ ಗುರುತರ ವಿಷಯದ ಚರ್ಚೆ ನಿಂತಿದ್ದುದರಿಂದ ಪಂಡಿತರಲ್ಲಿ ದೀರ್ಘ ವಾದವಿವಾದಗಳಾದವು. ಮೂಡಬಿದರೆಯ ಓಲೆಗಳನ್ನು ನೋಡಲಾಗಿ ಪದ ಅಲ್ಲಿತ್ತು! ಪ್ರತಿಯಿಂದ ಪ್ರತಿಗೆ ಸಾಗುವ ದಾರಿಯಲ್ಲಿ ಎಲ್ಲಿಯೋ ಮೂರು ಅಕ್ಷರಗಳು ಉದುರಿಹೋಗಿದ್ದವು.

೫

ಹಾಗಾದರೆ ಇಂದಿನ ಕನ್ನಡ ಬಲ್ಲವನಿಗೆ ಓಲೆಯ ಕನ್ನಡ ಏಕೆ ಕಠಿಣ? ಪದಗಳ ನಡುವೆ ತೆರಪಿಲ್ಲ. ಹ್ರಸ್ವ-ದೀರ್ಘ ಎಕಾರ, ಒಕಾರಗಳಿಗೆ ಬೇರೆ ಗುರುತಿಲ್ಲ. ಇಕಾರ, ಈಕಾರಗಳ ಭೇದ ಅನೇಕ ಕೈಬರಹಗಳಲ್ಲಿ ಮಸುಕು. ಮಹಾಪ್ರಾಣದ ಸೀಳನ್ನು ಲಿಪಿಕಾರ ಬಿಟ್ಟರೆ ದ-ಧ, ಪ-ಫ ಒಂದೇ ಆಗುತ್ತವೆ. ಪ, ವ, ಮಗಳೂ ನ, ಸಗಳೂ ಪರಸ್ಪರ ಮೋಸಗೊಳಿಸುತ್ತವೆ. ಱ, ೞಗಳು ಹೊಸಬನಿಗೆ ಅಪರಿಚಿತ. ರೇಫದ ಮುಂದಿನ ವ್ಯಂಜನ ದ್ವಿತ್ವವಾಗಿ ಬರುತ್ತದೆ. ದಕ್ಷಿಣದ ಪ್ರಾಕೃತ ಪ್ರತಿಗಳಲ್ಲಿಯಂತೂ ವ್ಯಂಜನದ ಹಿಂದೆ ಬಿಂದುವನ್ನಿಟ್ಟು ದ್ವಿತ್ವವನ್ನು ಸೂಚಿಸುವ ವಾಡಿಕೆಯುಂಟು. ಅರಿಯದವನು ಅದನ್ನು ಅನುಸ್ವಾರವೆಂದೇ ಓದಿ ಪದವನ್ನು ಕೆಡಿಸುತ್ತಾನೆ. ಆದ್ದರಿಂದ ವರ್ಣಮಾಲೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಬಿಡಿ ಅಕ್ಷರಗಳನ್ನು ಹೋಲಿಸುತ್ತ ಹೋಗುವ ವಿದ್ಯಾರ್ಥಿ ಬೇಗ ದಣಿಯುತ್ತಾನೆ. ಅವನಿಗೆ ಚೀನೀ ಸಹಸ್ರಾಕ್ಷರಿಯಂಥ ಆಸರೆ ಬೇಕು; ಅಂದರೆ ಬಿಡಿ ಅಕ್ಷರಗಳ ಬದಲು, ಪದೇ ಪದೇ ಬರುವ ಅಖಂಡ ರೂಪಗಳ ಪರಿಚಯ.

ಅದೃಷ್ಟವಶಾತ್ ನಮ್ಮ ಹಸ್ತಪ್ರತಿಗಳಲ್ಲಿ ಅಂಥ ರೂಪಗಳು ಹೇರಳವಾಗಿವೆ. ಮೊದಲು ಓಲೆಯ ಅಂಚಿನ ಪತ್ರಸಂಖ್ಯೆ: ಹತ್ತು ಅಂಕೆಗಳನ್ನು ಕಲಿತವನು ಚದುರಿದ ಓಲೆಗಳನ್ನು ಕ್ರಮಕ್ಕೆ ತರಬಲ್ಲನು. ಅನಂತರ ಆದಿಯ ನಮಸ್ಕಾರವಾಕ್ಯ, ಅಂತ್ಯದ ಮಂಗಲವಾಕ್ಯ. ಆಮೇಲೆ ಪುಷ್ಪಿಕೆಯ ಕಾಲಸೂಚನೆ. ಅರುವತ್ತು ಸಂವತ್ಸರಗಳು, ಹನ್ನೆರಡು ಮಾಸಗಳು, ಎರಡು ಪಕ್ಷಗಳು, ಪಾಡ್ಯದಿಂದ ಹುಣ್ಣಿಮೆ-ಅಮಾವಾಸ್ಯೆಗಳವರೆಗಿನ ಹದಿನಾರು ತಿಥಿನಾಮಗಳು, ಏಳು ವಾರಗಳು: ಒಟ್ಟು ತೊಂಬತ್ತೇಳು ಹೆಸರುಗಳು. ಹೆಸರು ಮೊದಲೇ ತಿಳಿದಿರುವುದರಿಂದ ಲಿಪಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಶಕವರ್ಷವೂ ಸಂವತ್ಸರವೂ ತಿಥಿವಾರಗಳೂ ಪರಸ್ಪರ ತಾಳೆಯಾದರೆ ಓದು ಸರಿಯೆಂಬ ಸಾಕ್ಷ್ಯವೂ ಅಲ್ಲಿಯೇ ದೊರೆಯುತ್ತದೆ. ಈ ಹೆಸರುಗಳಲ್ಲಿ ಕನ್ನಡ ಲಿಪಿಯ ವ್ಯಂಜನಗಳಲ್ಲಿ ಬಹುಪಾಲು, ಸಂಯುಕ್ತಾಕ್ಷರಗಳಲ್ಲಿ ಕಠಿಣವಾದ ಅನೇಕವು ಬಂದುಬಿಡುತ್ತವೆ. ನಾಲ್ಕನೆಯ ಮೆಟ್ಟಿಲಾಗಿ ವಿಭಕ್ತಿಪ್ರತ್ಯಯಗಳು. ಚೀನೀ ಬರಹದ ಸಂದುಕಟ್ಟುಗಳಿಗೆ ಸಮನಾದವು ಇವೇ. ತೆರಪಿಲ್ಲದ ಸಾಲಿನಲ್ಲಿ ಪದದ ಕೊನೆ ಎಲ್ಲಿ ಎಂಬುದನ್ನು ಪ್ರತ್ಯಯವೇ ತೋರಿಸುತ್ತದೆ. ಬಳಿಕ ಶಾಸ್ತ್ರಕ್ಕೆ ಅನುಗುಣವಾದ ಪರಿಭಾಷೆ: ಸಿದ್ಧಾಂತಗ್ರಂಥವಾದರೆ ಜೀವ, ಕಮ್ಮ, ಗುಣಟ್ಠಾಣ ಮೊದಲಾದವು.

ಆದರೂ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪರಿಚಿತ ರೂಪಗಳನ್ನು ಹಿಡಿದು ಓದುವವನು ಅಪರಿಚಿತವಾದುದನ್ನು ಪರಿಚಿತಕ್ಕೆ ಬಾಗಿಸುವ ಅಪಾಯವಿದೆ. ಅಪೂರ್ವ ಪದ ಅಳಿದು ಸಾಮಾನ್ಯ ಪದ ಬಂದು ಕೂರುವುದು ಪಾಠಕ್ಲೇಶಗಳಲ್ಲಿ ಸುಪ್ರಸಿದ್ಧವಾದುದು. ಚೀನೀ ಪಟ್ಟಿಯ ಅಂಕೆಗಳೂ ಇದನ್ನೇ ಸೂಚಿಸುತ್ತವೆ: ನೂರರಲ್ಲಿ ತೊಂಬತ್ತೆಂಟು ಅಕ್ಷರಗಳು ತಿಳಿದಾಗಲೂ ಉಳಿದ ಎರಡರಲ್ಲಿ ಪ್ರಕರಣದ ಮುಖ್ಯ ವಸ್ತು ಅಡಗಿರಬಹುದು. ಆದ್ದರಿಂದ ಆವೃತ್ತಿಯ ಕ್ರಮ ಪ್ರವೇಶಕ್ಕೆ ಮಾತ್ರ. ಸಿದ್ಧಂಪಾಠದ ಸಮಗ್ರತೆ ನಿರ್ಣಯಕ್ಕೆ. ಮೊದಲನೆಯದು ಓದುಗನನ್ನು ಒಳಗೆ ಕರೆಯುತ್ತದೆ, ಎರಡನೆಯದು ಅವನನ್ನು ತಪ್ಪದಂತೆ ಕಾಯುತ್ತದೆ. ಇತ್ಸಿಂಗನ ಹೆಸರಿನಲ್ಲಿ ಎರಡೂ ಕೂಡಿರುವಂತೆ ನಮ್ಮ ಲಿಪಿಶಿಬಿರಗಳಲ್ಲಿಯೂ ಇವು ಕೂಡಬೇಕು.

೬

ಈ ಕಾರ್ಯಕ್ಕೆ ಕಾಲಾವಕಾಶ ಅಪಾರವಾಗಿಲ್ಲ. 1948ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ ಪ್ರಕಟವಾದಾಗ ಮೂಡಬಿದರೆ ಮೊದಲಾದ ಭಂಡಾರಗಳ ಸಂಪತ್ತು ಲೋಕಕ್ಕೆ ತಿಳಿಯಿತು. ಆದರೆ ದೊಡ್ಡ ಭಂಡಾರಗಳ ಹೊರಗೆ, ಊರೂರಿನ ಬಸದಿಗಳಲ್ಲಿ, ಮನೆಗಳ ಮಾಡಗಳಲ್ಲಿ ಇರಬಹುದಾದ ಕಟ್ಟುಗಳಿಗೆ ಸೂಚಿಯಿಲ್ಲ. ಕೃಷ್ಣಾತೀರದಲ್ಲಿ ಅವುಗಳಿಗೆ ಗೆದ್ದಲಿಗಿಂತ ದೊಡ್ಡ ಶತ್ರು ಪ್ರವಾಹ. 2005ರಲ್ಲಿಯೂ 2019ರಲ್ಲಿಯೂ ಈ ನದಿದಡದ ಊರುಗಳಿಗೆ ನೀರು ನುಗ್ಗಿತು. ಅಂಥ ರಾತ್ರಿಯಲ್ಲಿ ಮನೆಯವರು ಮೊದಲು ಎತ್ತಿಕೊಳ್ಳುವುದು ಮಕ್ಕಳನ್ನು, ಬಳಿಕ ದನಕರು, ಕಾಳುಕಡಿ. ಓದಲಾಗದ ಕಟ್ಟೊಂದು ಆ ಸಾಲಿನಲ್ಲಿ ಎಷ್ಟನೆಯದು? ಅದು ಹೊಲದ ಲೆಕ್ಕವೋ ಆಚಾರ್ಯವಾಣಿಯೋ ಎಂದು ತಿಳಿಯದಿದ್ದರೆ ಅದನ್ನು ಬಿಟ್ಟುಹೋದವರನ್ನು ದೂರುವಂತಿಲ್ಲ.

ಇದೇ ಸೀಮೆಯ ಭೋಜದವರಾದ ಆಚಾರ್ಯ ಶಾಂತಿಸಾಗರರು ಸಿದ್ಧಾಂತಗ್ರಂಥಗಳು ನಶಿಸಬಾರದೆಂದು ಅವನ್ನು ತಾಮ್ರಪತ್ರಗಳ ಮೇಲೆ ಕೆತ್ತಿಸುವ ಪ್ರೇರಣೆ ನೀಡಿದರು. ತಾಮ್ರ ಓಲೆಗಿಂತ ಬಹುಕಾಲ ಬಾಳುತ್ತದೆ. ಇಂದು ಛಾಯಾಚಿತ್ರಗಳೂ ಗಣಕಯಂತ್ರಗಳೂ ಆ ಕೆಲಸವನ್ನು ಇನ್ನೂ ಸುಲಭಗೊಳಿಸಿವೆ. ಆದರೆ ಛಾಯಾಚಿತ್ರ ಓಲೆಯನ್ನು ಉಳಿಸುತ್ತದೆಯೇ ಹೊರತು ಓದನ್ನು ಉಳಿಸುವುದಿಲ್ಲ. ಪ್ರತಿ ಗ್ರಾಮದಲ್ಲಿ ಪಂಡಿತರು ಬೇಕಾಗಿಲ್ಲ. ಹತ್ತು ಅಂಕೆಗಳನ್ನೂ ತೊಂಬತ್ತೇಳು ಹೆಸರುಗಳನ್ನೂ ಗುರುತಿಸಬಲ್ಲ ಒಬ್ಬಿಬ್ಬರು ಇದ್ದರೆ, ಕಟ್ಟು ಯಾವ ಕಾಲದ್ದು, ಯಾವ ಜಾತಿಯದ್ದು ಎಂದು ಹೇಳಿ, ಬಲ್ಲವರ ಬಳಿಗೆ ಕಳುಹಿಸುವಷ್ಟು ನೆರವು ದೊರೆತೀತು. ಬ್ರಾಹ್ಮಿಯ ಪಾಠವನ್ನು ಅಷ್ಟರಮಟ್ಟಿಗೆ ಪ್ರತಿ ಮನೆಯಂಗಳಕ್ಕೆ ತಲುಪಿಸುವುದು ಸಂಶೋಧನ ಸಂಸ್ಥೆಗಳ ಆದ್ಯ ಕರ್ತವ್ಯ.