ಕಿಟಕಿಯಿಂದ ಕಿಟಕಿಗೆ

ಅಮೆರಿಕದಲ್ಲಿ ಕಾರಿನಿಂದ ಇಳಿಯದೆಯೇ ಬ್ಯಾಂಕಿನ ಕೆಲಸ ಮುಗಿಸುತ್ತಾರೆ, ಔಷಧಿ ಕೊಳ್ಳುತ್ತಾರೆ, ಮದುವೆಯಾಗುತ್ತಾರೆ, ಸತ್ತವರ ಮುಖವನ್ನೂ ನೋಡಿ ಬರುತ್ತಾರೆ ಎಂದು ನಾನು ಹೇಳಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಗುವೋ ನಗು. "ಸೋಮಾರಿತನಕ್ಕೂ ಒಂದು ಮಿತಿ ಬೇಡವೇನ್ರೀ?" ಎಂದರು ಕನ್ನಡದ ಮೇಡಂ. "ಹೆರಿಗೆಯೂ ಕಾರಲ್ಲೇ ಮಾಡಿಸ್ತಾರೇನೋ ಕೇಳಿ" ಎಂದರು ಇನ್ನೊಬ್ಬರು. ನಾನೂ ನಕ್ಕೆ. ಆದರೆ ಸಮಾಜ ವಿಜ್ಞಾನ ಪಾಠ ಮಾಡುವವಳ ಚಾಳಿ ನೋಡಿ, ಯಾವುದನ್ನು ಕಂಡರೂ ಇದು ಯಾವಾಗ ಶುರುವಾಯಿತು, ಯಾರಿಗಾಗಿ ಶುರುವಾಯಿತು ಎಂದು ಕೆದಕದೆ ಬಿಡುವುದಿಲ್ಲ. ಕೆದಕುತ್ತ ಹೋದ ಹಾಗೆ ಸೋಮಾರಿತನ ಎಂಬುದು ಅರ್ಧ ಸತ್ಯ ಎನಿಸತೊಡಗಿತು.

ಡ್ರೈವ್ ಥ್ರೂ ಎಂದ ಕೂಡಲೇ ಎಲ್ಲರಿಗೂ ಬರ್ಗರ್ ನೆನಪಾಗುತ್ತದೆ. ಹೆದ್ದಾರಿ ಬದಿಯಲ್ಲಿ ಈಗ ನಮ್ಮ ಮಕ್ಕಳೂ ಅದನ್ನು ಕಂಡಿದ್ದಾರೆ. ತಿಂಡಿಯ ವಿಷಯ ಇಲ್ಲಿ ಬೇಡ, ಅದು ಬೇಕಾದಷ್ಟಾಗಿದೆ. ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಮದರಾಸಿನಲ್ಲಿ 1962ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿದ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟೆಲನ್ನು ಕಟ್ಟಿದವರು ನಮ್ಮ ಉಡುಪಿ ಕಡೆಯಿಂದ ಹೋದ ಕೃಷ್ಣರಾಯರು. ಕಾರಿನಲ್ಲಿ ಕೂತವರ ಕೈಗೆ ಇಡ್ಲಿ ಕಾಫಿ ಕೊಡುವುದು ನಮ್ಮವರಿಗೇನೂ ಹೊಸದಲ್ಲ.

ಕಿಟಕಿಯ ಮೂಲಕ ಮೊದಲು ಕೈ ಬದಲಾದದ್ದು ಹಣ ಎಂದರೆ ನಿಮಗೆ ಆಶ್ಚರ್ಯವಾದೀತು. 1930ರಲ್ಲಿ ಸೇಂಟ್ ಲೂಯಿಸ್ ನಗರದ ಗ್ರ್ಯಾಂಡ್ ನ್ಯಾಷನಲ್ ಬ್ಯಾಂಕು ಕಾರಿನಲ್ಲಿ ಬಂದವರಿಗೆಂದೇ ಒಂದು ಕಿಟಕಿ ತೆರೆಯಿತು. ಮೊದಮೊದಲು ಅಲ್ಲಿ ಹಣ ಕಟ್ಟಬಹುದಿತ್ತು, ತೆಗೆಯುವಂತಿರಲಿಲ್ಲ. ಬ್ಯಾಂಕಿನವರ ಜಾಣತನ ಎಲ್ಲ ಕಡೆಯೂ ಒಂದೇ. 1946ರಲ್ಲಿ ಷಿಕಾಗೋದ ಎಕ್ಸ್‌ಚೇಂಜ್ ನ್ಯಾಷನಲ್ ಬ್ಯಾಂಕು ಗುಂಡು ತೂರದ ಗಾಜು ಹಾಕಿಸಿ, ಹಿಂದಕ್ಕೂ ಮುಂದಕ್ಕೂ ಜಾರುವ ಡ್ರಾಯರುಗಳನ್ನಿಟ್ಟು, ಇಂಥ ಹತ್ತು ಕಿಟಕಿಗಳನ್ನು ಒಟ್ಟಿಗೆ ತೆರೆಯಿತು. ಇಂಗ್ಲೆಂಡಿಗೆ ಇದು ತಲುಪಿದ್ದು 1959ರಲ್ಲಿ, ಲಿವರ್‌ಪೂಲಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನ ಮೂಲಕ.

2017ರ ಬೇಸಿಗೆ ರಜೆಯಲ್ಲಿ ಹ್ಯೂಸ್ಟನ್‌ನಲ್ಲಿರುವ ನನ್ನ ತಂಗಿಯ ಮನೆಗೆ ಹೋದಾಗ ಇದನ್ನು ಕಣ್ಣಾರೆ ಕಂಡೆ. ಅವಳು ಕಾರನ್ನು ಒಂದು ಕಂಬದ ಪಕ್ಕ ನಿಲ್ಲಿಸಿ, ಅಲ್ಲಿದ್ದ ಗಾಜಿನಂಥ ಡಬ್ಬಿಯಲ್ಲಿ ಚೆಕ್ಕು ಹಾಕಿ, ಒಂದು ಗುಂಡಿ ಒತ್ತಿದಳು. ಡಬ್ಬಿ ಸುಂಯ್ ಎಂದು ಕೊಳವೆಯೊಳಗೆ ಹಾರಿ ಹೋಯಿತು. ಕೊಳವೆಯಲ್ಲಿ ಗಾಳಿಯನ್ನು ಒಂದು ಕಡೆಯಿಂದ ಹೀರಿದರೆ ಡಬ್ಬಿ ಆ ಕಡೆಗೆ ಓಡುತ್ತದೆ, ಅಷ್ಟೇ ಅದರ ಗುಟ್ಟು. ದೂರದಲ್ಲಿ ಗಾಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ಮೈಕಿನಲ್ಲಿ ಚೆನ್ನಾಗಿದ್ದೀರಾ ಎಂದು ವಿಚಾರಿಸಿದಳು. ಡಬ್ಬಿ ಮರಳಿ ಬಂದಾಗ ಅದರಲ್ಲಿ ನೋಟು, ರಸೀದಿ, ಜೊತೆಗೆ ಹಿಂದಿನ ಸೀಟಿನಲ್ಲಿದ್ದ ತಂಗಿಯ ಮಗನಿಗೆ ಒಂದು ಕಡ್ಡಿ ಪೆಪ್ಪರ್‌ಮಿಂಟು! ಮಕ್ಕಳಿಗೆ ಪೆಪ್ಪರ್‌ಮಿಂಟು, ನಾಯಿಗೆ ಬಿಸ್ಕತ್ತು ಕಳಿಸುವುದು ಅಲ್ಲಿನ ಎಷ್ಟೋ ಬ್ಯಾಂಕುಗಳ ವಾಡಿಕೆಯಂತೆ. ಪಾಸ್‌ಬುಕ್ ಎಂಟ್ರಿಗೆ ಅರ್ಧ ದಿನ ರಜೆ ಹಾಕುವ ನನಗೆ ಹೊಟ್ಟೆ ಉರಿಯಿತು ಎಂದರೆ ಸುಳ್ಳಲ್ಲ.

ಇಷ್ಟಕ್ಕೂ ಅವರಿಗೆ ಇಳಿಯಲೇನು ಕಷ್ಟ? ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಮಧ್ಯಮ ವರ್ಗ ಊರ ನಡುವಿನಿಂದ ಹೊರವಲಯದ ಹೊಸ ಬಡಾವಣೆಗಳಿಗೆ ಹೋಯಿತು. 1956ರಲ್ಲಿ ಬಂದ ಹೆದ್ದಾರಿ ಕಾಯಿದೆ ದೇಶದ ಉದ್ದಗಲಕ್ಕೂ ದೊಡ್ಡ ದೊಡ್ಡ ರಸ್ತೆಗಳನ್ನು ಹಾಸಿತು. ಮನೆ ಒಂದು ಕಡೆ, ಅಂಗಡಿ ಮೂರು ಮೈಲಿ ಆಚೆ, ಶಾಲೆ ಇನ್ನೊಂದು ದಿಕ್ಕಿಗೆ. ನಡುವೆ ಕಾಲುದಾರಿಯೇ ಇಲ್ಲದ ಎಷ್ಟೋ ಬೀದಿಗಳು. ಅಲ್ಲಿ ಕಾರೇ ಕಾಲು. ಬೆಳಗಿನಿಂದ ಸಂಜೆಯವರೆಗೆ ಆ ಕಾಲು ಸವೆಸುವವಳು ಹೆಚ್ಚಾಗಿ ಮನೆಯ ಹೆಂಗಸು. ಎರಡು ಮಕ್ಕಳನ್ನು ಸೀಟಿಗೆ ಬಿಗಿದು, ಬ್ಯಾಂಕಿನ ಮುಂದೆ ಬಿಚ್ಚಿ ಇಳಿಸಿ, ಕೆಲಸ ಮುಗಿಸಿ ಮತ್ತೆ ಬಿಗಿದು, ಔಷಧಿ ಅಂಗಡಿಯ ಮುಂದೆ ಮತ್ತೆ ಬಿಚ್ಚಿ. ಮಗು ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಇದರ ತಿರುಗುಮುರುಗು. ಹೂವಿನವಳು, ಸೊಪ್ಪಿನವಳು, ಹಾಲಿನವನು ಮನೆ ಬಾಗಿಲಿಗೇ ಬರುತ್ತಾರೆ. ಉಪ್ಪರಿಗೆಯ ಮೇಲಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ತರಕಾರಿ ಏರಿಸಿಕೊಳ್ಳುವ ಅಜ್ಜಿಯರು ನಮ್ಮ ಬೀದಿಯಲ್ಲಿ ಈಗಲೂ ಇದ್ದಾರೆ. ಅದನ್ನು ಯಾರೂ ಸೋಮಾರಿತನ ಎನ್ನುವುದಿಲ್ಲ!

ಫೋಟೋಮ್ಯಾಟ್ ಎಂಬುದೊಂದು ಇತ್ತು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಹುಟ್ಟಿ, 1980ರ ಹೊತ್ತಿಗೆ ದೇಶದ ತುಂಬ ಸುಮಾರು ನಾಲ್ಕು ಸಾವಿರ ಗೂಡುಗಳಾಗಿ ಹಬ್ಬಿತು. ದೊಡ್ಡ ಅಂಗಡಿಗಳ ಮುಂದಿನ ಕಾರು ನಿಲ್ಲಿಸುವ ಬಯಲಿನ ನಡುವೆ ಹಳದಿ ಚೂಪು ಚಾವಣಿಯ ಒಂದು ಪುಟ್ಟ ಗೂಡು. ಕಾರಿನಲ್ಲಿ ಬಂದು ಫಿಲ್ಮ್ ರೋಲು ಕೊಟ್ಟರೆ ಮಾರನೆಯ ದಿನ ಫೋಟೋ. ಗೂಡಿನೊಳಗೆ ದಿನವಿಡೀ ಕೂರುತ್ತಿದ್ದವರು ಹೆಚ್ಚಾಗಿ ಎಳೆ ಹುಡುಗಿಯರು. ಅವರಿಗೆ ಫೋಟೋಮೇಟ್ ಎಂದು ಹೆಸರು, ಗಿಡ್ಡ ಲಂಗದ ಸಮವಸ್ತ್ರ. ಒಬ್ಬರು ನಿಲ್ಲುವಷ್ಟು ಜಾಗದ ಆ ಡಬ್ಬಿಯಲ್ಲಿ ಶೌಚಾಲಯ ಎಲ್ಲಿಂದ ಬರಬೇಕು? ಹಳೆಯ ಚಿತ್ರಗಳಲ್ಲಿ ಆ ಹುಡುಗಿಯರ ನಗುಮುಖ ನೋಡಿದಾಗ ನನಗೆ ಮೊದಲು ಬಂದ ಯೋಚನೆ ಇದೇ. ಕಾರಿನಲ್ಲಿ ಕೂತವಳ ಅನುಕೂಲಕ್ಕೆ ಗೂಡಿನಲ್ಲಿ ಕೂತವಳು ಬೆಲೆ ತೆತ್ತಳು. ಒಂದೇ ಗಂಟೆಯಲ್ಲಿ ಫೋಟೋ ತೊಳೆದುಕೊಡುವ ಯಂತ್ರಗಳು ಬಂದ ಮೇಲೆ ಗೂಡುಗಳು ಖಾಲಿಯಾದವು.

ಔಷಧಿ ಅಂಗಡಿಗಳು ನಿಧಾನ. ವಾಲ್‌ಗ್ರೀನ್ಸ್ ಎಂಬ ದೊಡ್ಡ ಔಷಧಿ ಕಂಪನಿ ಇಂಥ ಕಿಟಕಿಗಳನ್ನು ತೆರೆದದ್ದು 1992ರಲ್ಲಿ. ಜ್ವರ ಬಂದ ಮಗು ಹಿಂದಿನ ಸೀಟಿನಲ್ಲಿ ಈಗ ತಾನೇ ನಿದ್ದೆ ಹೋಗಿದೆ, ಮಾತ್ರೆ ತರಬೇಕು. ಆಗ ಆ ಕಿಟಕಿ ದೇವರ ಕಿಟಕಿಯೇ ಸರಿ ಎಂದು ತಂಗಿ ಹೇಳುತ್ತಾಳೆ.

ಇನ್ನು ದೇವರ ವಿಷಯ. 1955ರಲ್ಲಿ ರಾಬರ್ಟ್ ಶುಲ್ಲರ್ ಎಂಬ ತರುಣ ಪಾದ್ರಿ ಕ್ಯಾಲಿಫೋರ್ನಿಯಾದ ಆರೆಂಜ್ ಊರಿಗೆ ಬಂದರು. ಪ್ರಾರ್ಥನೆಗೆ ಕಟ್ಟಡ ಸಿಗಲಿಲ್ಲ. ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಚಿತ್ರಮಂದಿರವೊಂದನ್ನು ಭಾನುವಾರ ಬೆಳಗ್ಗೆ ಬಾಡಿಗೆಗೆ ಹಿಡಿದು, ತಿಂಡಿ ಅಂಗಡಿಯ ಚಾವಣಿ ಏರಿ ಉಪದೇಶ ಮಾಡಿದರು. ಜನ ತಂತಮ್ಮ ಕಾರಿನಲ್ಲಿ ಕೂತು ಕೇಳಿದರು. ನಗೆಪಾಟಲಿನಂತೆ ಕಾಣುತ್ತದಲ್ಲವೇ? ಆದರೆ ಮುಂದೆ ಸ್ವಂತ ಕಟ್ಟಡ ಕಟ್ಟುವಾಗಲೂ ಶುಲ್ಲರ್ ಕಾರಿನವರಿಗೆ ಜಾಗ ಉಳಿಸಿದರು. ಅದಕ್ಕೆ ಅವರು ಹೇಳುತ್ತಿದ್ದ ಕಾರಣ ಒಬ್ಬ ರೈತನ ಹೆಂಡತಿ. ಲಕ್ವ ಹೊಡೆದು ನಡೆಯಲಾರದ ಆಕೆಯನ್ನು ಗಂಡ ವಾರ ವಾರವೂ ಕಾರಿನಲ್ಲಿ ಕರೆತರುತ್ತಿದ್ದನಂತೆ.

ಲಾಸ್ ವೇಗಸ್ಸಿನ ಕಥೆಯೂ ಹಾಗೆಯೇ ಇದೆ. ಅಲ್ಲಿನ ಲಿಟ್ಲ್ ವೈಟ್ ವೆಡ್ಡಿಂಗ್ ಚಾಪೆಲ್ ಎಂಬ ಮದುವೆ ಮಂದಿರದ ಒಡತಿ ಷಾರ್ಲೆಟ್ ರಿಚರ್ಡ್ಸ್ 1991ರಲ್ಲಿ ಕಾರಿನ ಕಿಟಕಿಯಲ್ಲೇ ಮದುವೆ ಮಾಡಿಸಲು ತೊಡಗಿದರು. ಕಾರಿನಿಂದ ಇಳಿಯಲು ಪಡಿಪಾಟಲು ಪಡುತ್ತಿದ್ದ ಅಂಗವಿಕಲ ಜೋಡಿಯೊಂದನ್ನು ಕಂಡಾಗ ಈ ಯೋಚನೆ ಹೊಳೆಯಿತಂತೆ. ಆಮೇಲೆ ಮೋಜಿಗೆ ಬರುವವರೇ ಹೆಚ್ಚಾದರು, ಅದು ಬೇರೆ ಮಾತು. ಲಾಸ್ ಏಂಜಲಿಸ್ ಪಕ್ಕದ ಕಾಂಪ್ಟನ್‌ನಲ್ಲಿ ಆಡಮ್ಸ್ ಮನೆತನದವರು 1974ರಿಂದಲೂ ಗಾಜಿನ ಹಿಂದೆ ಶವವನ್ನಿಟ್ಟು, ಕಾರಿನಲ್ಲಿ ಬಂದವರು ಅಂತಿಮ ದರ್ಶನ ಪಡೆಯುವ ವ್ಯವಸ್ಥೆ ನಡೆಸಿಕೊಂಡು ಬಂದವರು. ಗಾಲಿಕುರ್ಚಿಯ ಮುದುಕರಿಗೆ ಅದು ಅನುಕೂಲ. ಗ್ಯಾಂಗುಗಳ ಬಡಿದಾಟದ ಕಾಲದಲ್ಲಿ, ಸತ್ತವನನ್ನು ನೋಡಲು ಹೋದವನೂ ಗುಂಡೇಟಿಗೆ ಬೀಳಬಹುದು ಎಂದು ಹೆದರುವವರಿಗೂ ಆ ದಪ್ಪ ಗಾಜು ಆಸರೆಯಾಯಿತು. ಜಪಾನಿನ ನಾಗಾನೊ ಪ್ರಾಂತದ ಉಎದಾ ಊರಿನಲ್ಲಿ 2017ರಲ್ಲಿ ಇಂಥದ್ದೇ ಒಂದು ಶುರುವಾಯಿತು. ಮುದುಕರೇ ತುಂಬಿದ ದೇಶ ಅದು. ಕಾರಿನಲ್ಲಿ ಕೂತೇ ಹೆಸರು ಬರೆದು, ಧೂಪ ಅರ್ಪಿಸಿ ಕೈಮುಗಿಯಬಹುದು.

ಇದನ್ನೆಲ್ಲ ಓದುವಾಗ ನನ್ನ ಕಣ್ಣ ಮುಂದೆ ಬರುತ್ತಿದ್ದವಳು ನನ್ನ ಅಮ್ಮ. ಅಪ್ಪ ಹೋದ ಮೇಲೆ ಅವಳಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ತಾನು ಬದುಕಿದ್ದೇನೆ ಎಂದು ಬ್ಯಾಂಕಿಗೆ ಹೋಗಿ ಸಾಬೀತು ಮಾಡಬೇಕು. ನಮ್ಮೂರಿನ ಆ ಶಾಖೆ ಇದ್ದದ್ದು ಮೊದಲ ಮಹಡಿಯಲ್ಲಿ. ಅಮ್ಮನ ಮಂಡಿ ಆ ಹೊತ್ತಿಗೆ ಪೂರ್ತಿ ಹೋಗಿತ್ತು. 2008ರಲ್ಲಿ ಆಟೋದಲ್ಲಿ ಕರೆದುಕೊಂಡು ಹೋಗಿ, ಅವಳನ್ನು ಅದರಲ್ಲೇ ಕೂರಿಸಿ, ನಾನು ಮೇಲೆ ಹೋಗಿ ವಿಷಯ ಹೇಳಿದೆ. ಅಲ್ಲಿನ ಗುಮಾಸ್ತರೊಬ್ಬರು ರಿಜಿಸ್ಟರು, ಶಾಯಿ ಪ್ಯಾಡು ಹಿಡಿದು ಮೆಟ್ಟಿಲಿಳಿದು ಬಂದರು. ಆಟೋದ ಪಕ್ಕ ಬಗ್ಗಿ ನಿಂತು, "ಅಮ್ಮಾ, ಚೆನ್ನಾಗಿದ್ದೀರಾ? ಇಲ್ಲೊಂದು ಹೆಬ್ಬೆಟ್ಟು ಒತ್ತಿ" ಎಂದರು. ಅಮ್ಮನಿಗೆ ಸಹಿ ಮಾಡಲು ಬರುತ್ತಿತ್ತು. "ಹೆಬ್ಬೆಟ್ಟು ಯಾಕಪ್ಪಾ, ಪೆನ್ನು ಕೊಡು" ಎಂದು ತೊಡೆಯ ಮೇಲೆ ರಿಜಿಸ್ಟರಿಟ್ಟುಕೊಂಡು ಸಹಿ ಹಾಕಿದಳು. ಎರಡು ನಿಮಿಷದ ಕೆಲಸ.

ಮರುವರ್ಷ ಆ ಗುಮಾಸ್ತರಿಗೆ ವರ್ಗವಾಗಿತ್ತು. ಹೊಸಬರು, "ನಿಯಮ ಅಂದ್ರೆ ನಿಯಮ ಮೇಡಂ, ಅವರು ಮೇಲೆ ಬರಲೇಬೇಕು" ಎಂದರು. ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗ ಮತ್ತು ಆಟೋದವರು ಸೇರಿ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಇಪ್ಪತ್ತೆರಡು ಮೆಟ್ಟಿಲು. ಸೆರಗು ಜಾರದ ಹಾಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಬ್ಯಾಂಕಿನ ತುಂಬ ಜನ ನೋಡುತ್ತಿರುವಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮನೆಗೆ ಬರುವವರೆಗೂ ಒಂದು ಮಾತಾಡಲಿಲ್ಲ. ಬೆರಳಚ್ಚಿನಿಂದ ಮನೆಯಲ್ಲೇ ಜೀವಿತ ಪ್ರಮಾಣಪತ್ರ ಕೊಡುವ 'ಜೀವನ್ ಪ್ರಮಾಣ್' ಬಂದದ್ದು 2014ರ ನವೆಂಬರಿನಲ್ಲಿ. ಅಮ್ಮ ಅದಕ್ಕೆ ಒಂದು ವರ್ಷ ಮೊದಲೇ ಹೋದಳು.

ಹಾಗೆಂದು ಈ ಕಿಟಕಿಗಳನ್ನು ತಲೆಯ ಮೇಲೆ ಹೊತ್ತು ಕುಣಿಯುವ ಹಾಗೂ ಇಲ್ಲ. ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಸಾರಾಯಿಯನ್ನೂ ಕಾರಿನ ಕಿಟಕಿಗೆ ಕೊಡುತ್ತಿದ್ದರು. ಕುಡಿದು ಓಡಿಸಿ ಸತ್ತವರ, ಸಾಯಿಸಿದವರ ಲೆಕ್ಕ ಏರಿದಾಗ ವರ್ಷಗಟ್ಟಲೆ ಹೋರಾಟ ನಡೆದು, 1998ರಲ್ಲಿ ಆ ಕಿಟಕಿಗಳು ಮುಚ್ಚಿದವು. ಸಾಲುಗಟ್ಟಿ ನಿಂತ ಕಾರುಗಳ ಹೊಗೆ, ಪಾದಚಾರಿಗಳಿಗೆ ಅಪಾಯ ಎಂದು ಮಿನಿಯಾಪೊಲಿಸ್ ನಗರ 2019ರಲ್ಲಿ ಹೊಸ ಡ್ರೈವ್ ಥ್ರೂಗಳನ್ನೇ ನಿಷೇಧಿಸಿತು. ಕಾರಿಲ್ಲದವರ ಪಾಡಂತೂ ಕೇಳಲೇಬೇಡಿ. ತಂಗಿ ಕೆಲಸಕ್ಕೆ ಹೋಗಿದ್ದಾಗ ಒಂದು ದಿನ ನಾನು ನೋಟು ಚಿಲ್ಲರೆ ಮಾಡಿಸಲೆಂದು ಹತ್ತಿರದ ಬ್ಯಾಂಕಿಗೆ ನಡೆದು ಹೋದೆ. ಒಳಗಿನ ಬಾಗಿಲು ಮುಚ್ಚಿತ್ತು, ಕಾರಿನ ಕಿಟಕಿ ಮಾತ್ರ ತೆರೆದಿತ್ತು. ಗಾಜಿನ ಹಿಂದಿನಾಕೆ ವಿನಯದಿಂದಲೇ ಹೇಳಿದಳು, ನಡೆದು ಬಂದವರಿಗೆ ಈ ಕಿಟಕಿಯಲ್ಲಿ ಸೇವೆ ಇಲ್ಲ. ಎರಡು ಕಾಲೂ ಗಟ್ಟಿಯಿದ್ದ ನಾನು ಹಿಂದಿರುಗಿದೆ!

2020ರಲ್ಲಿ ಕೊರೋನಾ ಬಂದಾಗ ಎಲ್ಲರ ನಗು ನಿಂತಿತು. ಆ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ದೇಗು ನಗರದ ಆಸ್ಪತ್ರೆಯೊಂದು ಕಾರಿನ ಕಿಟಕಿಯಲ್ಲೇ ಗಂಟಲ ದ್ರವ ತೆಗೆಯಲು ಶುರು ಮಾಡಿತು. ಒಬ್ಬರಿಗೆ ಸುಮಾರು ಹತ್ತು ನಿಮಿಷ. ಒಬ್ಬೊಬ್ಬರು ಹೋದ ಮೇಲೂ ಕೋಣೆ ತೊಳೆಯುವ ಕೆಲಸವಿಲ್ಲ, ಕಾಯುವವರು ಒಬ್ಬರಿಗೊಬ್ಬರು ಸೋಂಕು ಹಚ್ಚುವ ಭಯವಿಲ್ಲ. ಪ್ರಪಂಚವೇ ಅದನ್ನು ಅನುಸರಿಸಿತು. ನಮ್ಮಲ್ಲೂ 2021ರ ಮೇ ತಿಂಗಳಲ್ಲಿ ಮುಂಬೈಯ ದಾದರಿನ ಪಾರ್ಕಿಂಗ್ ಕಟ್ಟಡವೊಂದರಲ್ಲಿ ವೃದ್ಧರಿಗೆ, ಅಂಗವಿಕಲರಿಗೆ ಕಾರಿನಲ್ಲೇ ಲಸಿಕೆ ಹಾಕಿದರು.

ಅದೇ 2020ರಲ್ಲಿ ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯವರು ಮತದಾನವನ್ನೂ ಕಿಟಕಿಗೆ ತಂದರು. ಹತ್ತು ಕಡೆ ಟೆಂಟು ಹಾಕಿ, ಗುರುತಿನ ಚೀಟಿ ನೋಡಿ, ಕೈಯಲ್ಲಿ ಹಿಡಿಯುವ ಮತಯಂತ್ರವನ್ನು ಕಾರಿನೊಳಗೆ ಕೊಟ್ಟರು. ತಂಗಿಯ ಅತ್ತೆ ಹಾಸನದ ಕಡೆಯವರು, ಆಗ ಎಪ್ಪತ್ತೆಂಟು ವರ್ಷ, ಉಸಿರಾಟದ ತೊಂದರೆ. ಅಲ್ಲಿನ ಪ್ರಜೆಯಾದ ಮೇಲೆ ಅವರಿಗದು ಮೊದಲ ದೊಡ್ಡ ಚುನಾವಣೆ. ಜರಿ ಸೀರೆ ಉಟ್ಟು, ಮಾಸ್ಕು ಹಾಕಿ, ಸೊಸೆಯ ಜೊತೆ ಕಾರಿನಲ್ಲೇ ಓಟು ಹಾಕಿ ಬಂದರಂತೆ. ಆ ರಾತ್ರಿ ಫೋನಿನಲ್ಲಿ ಅವರ ಸಂಭ್ರಮ ನೋಡಬೇಕಿತ್ತು.

ಮತದಾನದ ದಿನ ಹತ್ತಿರವಾದಂತೆ ಕೆಲವರು ಕೋರ್ಟಿಗೆ ಹೋದರು. ಟೆಕ್ಸಸ್ ಕಾಯಿದೆಯಲ್ಲಿ ಕಾರಿನ ಬಳಿ ಮತ ಪಡೆಯುವ ಅವಕಾಶ ರೋಗಿಗಳಿಗೆ, ಅಶಕ್ತರಿಗೆ ಮಾತ್ರ. ಆದ್ದರಿಂದ ಡ್ರೈವ್ ಥ್ರೂನಲ್ಲಿ ಬಿದ್ದ ಸುಮಾರು 1,27,000 ಮತಗಳನ್ನೂ ಎಣಿಸಬಾರದು ಎಂಬುದು ಅವರ ವಾದ. "ಅಕ್ಕಾ, ನಮ್ಮ ಓಟು ಕಸದ ಬುಟ್ಟಿಗೆ ಹೋಗುತ್ತೇನೋ" ಎಂದು ತಂಗಿ ನಿದ್ದೆಗೆಟ್ಟಳು. ಅತ್ತೆಗೆ ವಿಷಯವನ್ನೇ ತಿಳಿಸಿರಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನವೆಂಬರ್ 2ರಂದು, ಮತದಾನಕ್ಕೆ ಒಂದೇ ದಿನ ಇರುವಾಗ, ಫೆಡರಲ್ ನ್ಯಾಯಾಧೀಶ ಆಂಡ್ರೂ ಹ್ಯಾನನ್ ಕೂಡ, ಈ ದಾವೆ ಹೂಡುವ ಹಕ್ಕು ಅರ್ಜಿದಾರರಿಗೆ ಇಲ್ಲವೆಂದು ವಜಾ ಮಾಡಿದರು. ಆದರೂ ಮಾರನೆಯ ದಿನದ ಮತಗಳಿಗೆ ತಕರಾರು ಬಾರದಿರಲೆಂದು ಕೌಂಟಿಯವರು ಹತ್ತರಲ್ಲಿ ಒಂಬತ್ತು ಟೆಂಟು ಮುಚ್ಚಿದರು. 2021ರಲ್ಲಿ ರಾಜ್ಯ ಸರ್ಕಾರ ಹೊಸ ಕಾಯಿದೆ ತಂದು ಡ್ರೈವ್ ಥ್ರೂ ಮತದಾನವನ್ನೇ ನಿಷೇಧಿಸಿತು. ಅಶಕ್ತರಿಗೆ ಮೊದಲಿದ್ದ ಅವಕಾಶ ಉಳಿಯಿತು.

2024ರ ಚುನಾವಣೆಯಲ್ಲಿ ತಂಗಿ ಮತಗಟ್ಟೆಯ ಸಾಲಿನಲ್ಲಿ ನಿಂತಳು. ಅತ್ತೆಯ ಕಾರಿನ ಬಳಿಗೆ ಸಿಬ್ಬಂದಿಯೊಬ್ಬಾಕೆ ಯಂತ್ರ ಹಿಡಿದು ಬಂದಳು. ಸೊಸೆ ಹಿಂತಿರುಗುವ ಹೊತ್ತಿಗೆ ಅತ್ತೆಯ ಓಟು ಮುಗಿದು, ಆ ಹೆಣ್ಣುಮಗಳ ಕೈಗೆ ಅವರು ಕೋಡುಬಳೆಯ ಪೊಟ್ಟಣ ಕೊಡಲು ಒತ್ತಾಯಿಸುತ್ತಿದ್ದರಂತೆ. ಮತಗಟ್ಟೆಯಲ್ಲಿ ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ ಅಜ್ಜಿ ಎಂದು ಅವಳು ಕೈಮುಗಿಯುತ್ತಿದ್ದಳಂತೆ.